ಡ್ರ್ಯಾಗನ್ ಬರಲಿ, ಮೊದಲು ಗದ್ದೆ ತೋರಿಸಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಇತ್ತೀಚೆಗೆ ಓದಿದ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಮನಸ್ಸು ಬಿಚ್ಚಿ ಮಾತನಾಡಬೇಕೆಂದು ಮಡಿಕೇರಿ ಆಕಾಶವಾಣಿಯವರು ಕೇಳಿದ್ದಾರೆ. ಅಡುಗೆಮನೆಯ ಕಿಟಕಿಯಲ್ಲೋ ತೋಟದ ಲೈನ್‌ಮನೆಯ ಜಗಲಿಯಲ್ಲೋ ರೇಡಿಯೊ ಇಟ್ಟುಕೊಂಡು ಕೇಳುತ್ತಿರುವ ನಿಮ್ಮಲ್ಲಿ ಕೆಲವರಾದರೂ, ಮಂತ್ರವಾದಿಗಳ ಕಥೆಯೆಲ್ಲ ಮಕ್ಕಳಿಗೆ, ನಮಗೇಕೆ ಎಂದು ಈಗಾಗಲೇ ಗೊಣಗಿರುತ್ತೀರಿ. ಪುಷ್ಪಕ ವಿಮಾನವನ್ನು ಕೇಳುತ್ತಾ, ಚಂದಮಾಮದ ಬೇತಾಳನನ್ನು ಓದುತ್ತಾ ಬೆಳೆದ ನಮಗೆ ಆ ಮಾತು ಶೋಭಿಸುವುದಿಲ್ಲ ಎಂದಷ್ಟೇ ವಿನಯದಿಂದ ಹೇಳಿ ಮುಂದೆ ಹೋಗುತ್ತೇನೆ.

ಇಂಥ ಕಾದಂಬರಿಯನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಪ್ರಶ್ನೆ. ಆ ಲೋಕದಲ್ಲಿ ಅನ್ನ ಎಲ್ಲಿಂದ ಬರುತ್ತದೆ? ಬೆಳೆಯುವವರು ಯಾರು, ಹೊರುವವರು ಯಾರು, ಮಳೆ ಸುರಿದರೆ ನೆನೆಯುವವರು ಯಾರು? ಇದಕ್ಕೆ ಉತ್ತರವಿರುವ ಪುಸ್ತಕದಲ್ಲಿ ಎಂಥ ಡ್ರ್ಯಾಗನ್ ಹಾರಿ ಬಂದರೂ ನಾನು ನಂಬುತ್ತೇನೆ. ಉತ್ತರವಿಲ್ಲದ ಪುಸ್ತಕದಲ್ಲಿ ರಾಜಕುಮಾರಿಯ ಕಣ್ಣೀರನ್ನೂ ನಂಬುವುದಿಲ್ಲ.

ಮಳೆಯಿಂದಲೇ ಆರಂಭಿಸೋಣ, ಏಕೆಂದರೆ ಆ ವಿಷಯದಲ್ಲಿ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ ತೆಳ್ಳನೆಯ ಕಾದಂಬರಿಯಲ್ಲಿ, ಮೇಕೆ ಕಾಯುತ್ತಿದ್ದ ಗೆಡ್ ಎಂಬ ಹುಡುಗ ಓಗಿಯನ್ ಎಂಬ ಮಹಾ ಮಾಂತ್ರಿಕನ ಶಿಷ್ಯನಾಗಿ ಅವನ ಹಿಂದೆ ಬೆಟ್ಟದ ದಾರಿ ಹಿಡಿಯುತ್ತಾನೆ. ಆ ನಾಡಿನ ಸಣ್ಣಪುಟ್ಟ ಮಂತ್ರವಾದಿಗಳಿಗೆಲ್ಲ ಮಳೆಯನ್ನು ಪಕ್ಕದ ಊರಿಗೆ ಅಟ್ಟುವ ಮಂತ್ರ ಗೊತ್ತು. ಒಬ್ಬ ಅಟ್ಟಿದ ಮೋಡವನ್ನು ಇನ್ನೊಬ್ಬ ಮುಂದಕ್ಕೆ ಅಟ್ಟುತ್ತಾನೆ, ಕೊನೆಗೆ ಆ ಬಡಪಾಯಿ ಮೋಡ ಸಮುದ್ರದ ಮೇಲೆ ಹೋಗಿ ನೆಮ್ಮದಿಯಾಗಿ ಸುರಿಯಬೇಕು. ಆದರೆ ಅವರೆಲ್ಲರಿಗಿಂತ ದೊಡ್ಡವನಾದ ಓಗಿಯನ್ ಮಳೆಯನ್ನು ತಡೆಯುವುದೇ ಇಲ್ಲ. ದಟ್ಟವಾದ ಒಂದು ಮರ ನೋಡಿ ಅದರ ಬುಡದಲ್ಲಿ ಮಲಗಿಬಿಡುತ್ತಾನೆ. ಶಿಷ್ಯ ತೊಟ್ಟಿಕ್ಕುವ ಪೊದೆಗಳ ನಡುವೆ ಮುದುಡಿ ಕುಳಿತು, ಇಷ್ಟು ಶಕ್ತಿಯಿದ್ದೂ ಮಳೆ ನಿಲ್ಲಿಸದ ಗುರು ಎಂಥ ಗುರು ಎಂದು ಒಳಗೊಳಗೇ ಸಿಡುಕುತ್ತಾನೆ. ಮುಂದೆ ಮಾಂತ್ರಿಕರ ಶಾಲೆಯಲ್ಲಿ ಬೇರೊಬ್ಬ ಗುರು ಕಾರಣ ಹೇಳುತ್ತಾನೆ: ಈ ದ್ವೀಪಕ್ಕೆ ತರಿಸಿದ ಮಳೆ ಇನ್ನೊಂದು ದ್ವೀಪಕ್ಕೆ ಬರಗಾಲವಾದೀತು. ಮಂತ್ರಕ್ಕೂ ಜಮಾಖರ್ಚು ಉಂಟು ಎಂದು ತಿಳಿದ ಲೇಖಕಿ ಈಕೆ. ಇಂಥವರ ಮಾತನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ಈ ಪ್ರಶ್ನೆಯನ್ನು ನನಗೆ ಹೇಳಿಕೊಟ್ಟವರು ವಿಮರ್ಶಕರಲ್ಲ, ನಮ್ಮ ಪಕ್ಕದ ತೋಟದ ಅಜ್ಜ. ಅವರು ಸೇನೆಯಲ್ಲಿ ಬಂದೂಕಿಗಿಂತ ಹೆಚ್ಚು ಕಾಲ ಹೇಸರಗತ್ತೆಯ ಹಗ್ಗ ಹಿಡಿದವರು. ಗುಡ್ಡದ ಮೇಲಿನ ಠಾಣೆಗಳಿಗೆ ರೇಷನ್ ಮುಟ್ಟಿಸುವ ವಿಭಾಗದಲ್ಲಿದ್ದು ನಿವೃತ್ತರಾದವರು. ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ಒಂದು ಸಂಜೆ, ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿತ್ತು. ಅವರ ಮನೆಯ ಒಲೆಯ ಮುಂದೆ ಕುಳಿತು, ಬೆಲ್ಲದ ಕರಿ ಕಾಫಿ ಕುಡಿಯುತ್ತಾ, ಸುಟ್ಟ ಹಲಸಿನ ಬೀಜ ಸುಲಿಯುತ್ತಾ, ನಾನು ಆಗ ಓದುತ್ತಿದ್ದ ಒಂದು ದಪ್ಪ ಕಾದಂಬರಿಯ ಕಥೆಯನ್ನು ಹೇಳತೊಡಗಿದೆ. ಪುಸ್ತಕದ ಹೆಸರು ಬೇಡ, ಅದಕ್ಕೆ ಅಭಿಮಾನಿಗಳು ಬಹಳ. ನಲವತ್ತು ಸಾವಿರ ಸೈನಿಕರು, ಹತ್ತು ಸಾವಿರ ಕುದುರೆ, ಮಳೆಗಾಲದ ದಟ್ಟ ಕಾಡು, ಒಂದು ತಿಂಗಳ ದಂಡಯಾತ್ರೆ, ಎದುರಿಗೆ ಬೆಟ್ಟವನ್ನೇ ಸೀಳಬಲ್ಲ ಮಂತ್ರವಾದಿ. ನಾನು ಒಳ್ಳೆಯ ಉತ್ಸಾಹದಲ್ಲಿದ್ದೆ.

ಅಜ್ಜ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. “ಮಾಷ್ಟ್ರೇ, ಒಂದು ನಿಮಿಷ. ಕುದುರೆಗಳಿಗೆ ಮೇವು ಯಾರು ಹೊತ್ತರು?”

ಪುಸ್ತಕದಲ್ಲಿ ಆ ವಿಷಯ ಬರಲಿಲ್ಲ ಎಂದೆ.

“ಬರದಿದ್ದರೆ ಹೇಗೆ? ಎಪ್ಪತ್ತು ಕಿಲೋ ಹೊತ್ತ ಪ್ರಾಣಿ ದಿನಕ್ಕೆ ಏಳು ಕಿಲೋ ತಿಂದಿತು ಅಂತ ಇಟ್ಟುಕೊಳ್ಳಿ. ಹತ್ತನೆಯ ದಿನ ಅದರ ಬೆನ್ನ ಮೇಲೆ ಏನು ಉಳಿಯಿತು? ತನ್ನ ಮೇವನ್ನು ತಾನೇ ತಿಂದು ಮುಗಿಸಿತು. ಸೈನಿಕನಿಗೆ ಒಂದು ಹಿಡಿ ಅಕ್ಕಿಯೂ ಇಲ್ಲ. ನಿಮ್ಮವರು ತಿಂಗಳುಗಟ್ಟಲೆ ಹೇಗೆ ನಡೆದರು?”

ದಾರಿಯಲ್ಲಿ ಹಳ್ಳಿಗಳಿಂದ ಕಿತ್ತುಕೊಂಡಿರಬಹುದು ಎಂದು ಲೇಖಕನ ಪರವಾಗಿ ವಾದಿಸಿದೆ. ಆಗಲೇ ದಟ್ಟ ಕಾಡು ಎಂದಿರಲ್ಲ, ದಟ್ಟ ಕಾಡಿನಲ್ಲಿ ನಲವತ್ತು ಸಾವಿರ ಜನರಿಗೆ ಭತ್ತ ಬೆಳೆದ ಹಳ್ಳಿ ಯಾವುದು ಎಂದು ಕೇಳಿದರು. ಮಳೆಗಾಲ ಎಂದಿರಲ್ಲ, ಜಿಗಣೆ ಕಚ್ಚಲಿಲ್ಲವೇ, ಒದ್ದೆ ಬೂಟಿನೊಳಗೆ ಕಾಲು ಕೊಳೆಯಲಿಲ್ಲವೇ, ಒಲೆಗೆ ಒಣ ಸೌದೆ ಎಲ್ಲಿ ಸಿಕ್ಕಿತು ಎಂದು ಒಂದರ ಹಿಂದೆ ಒಂದು ಕೇಳುತ್ತಾ ಹೋದರು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಧ್ವನಿ ಬಂತು: “ಪಾತ್ರೆ ತೊಳೆದವರು ಯಾರು ಅಂತಲೂ ಕೇಳಿ.”

ನಾನು ಸೋತು, ಅಜ್ಜಾ, ಬೆಟ್ಟ ಸೀಳುವ ಮಂತ್ರವಾದಿಯನ್ನೇ ಒಪ್ಪಿಕೊಂಡ ಮೇಲೆ ಇದೆಲ್ಲ ಏಕೆ ಎಂದೆ. ಅವರು ಹಲಸಿನ ಬೀಜದ ಸಿಪ್ಪೆಯನ್ನು ಒಲೆಗೆ ಎಸೆದು ಹೇಳಿದರು: “ಬೆಟ್ಟ ಸೀಳಿದ್ದನ್ನು ನಂಬುತ್ತೇನೆ. ಮಂತ್ರ ಬಲ್ಲವನು, ಸೀಳಿಯಾನು. ಕುದುರೆ ಹುಲ್ಲು ತಿನ್ನಲಿಲ್ಲ ಅಂದರೆ ಮಾತ್ರ ನಂಬಲಾರೆ.”

ಅಂದಿನಿಂದ ಆ ಪುಸ್ತಕ ನನ್ನ ಕಪಾಟಿನಲ್ಲಿ ಅರ್ಧಕ್ಕೇ ನಿಂತಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ಅಂಗಡಿಗೆ ಬರುವ ಇಂಥ ಕಾದಂಬರಿಗಳಲ್ಲಿ ಬಹುಪಾಲಿನವಕ್ಕೆ ಕಿರೀಟ, ಖಡ್ಗ, ವಂಶಾವಳಿ ಎಲ್ಲವೂ ಇರುತ್ತದೆ. ಒಂದು ಗದ್ದೆ ಇರುವುದಿಲ್ಲ.

ಅದೇ ಅಜ್ಜನಿಗೆ ಟೋಲ್ಕಿನ್ ಮೆಚ್ಚಿಗೆಯಾದರು. ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿದ್ದ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು, ಅದನ್ನು ಈ ವರ್ಷ ಮತ್ತೆ ಓದಿದೆ. ಹಾಡುಗಳು ಅತಿಯಾದವು. ಎಲ್ರಾಂಡನ ಮನೆಯ ಸಭೆಯಂತೂ ಯಾವ ಗ್ರಾಮಸಭೆಗೂ ಕಡಿಮೆಯಿಲ್ಲದಷ್ಟು ದೀರ್ಘ. ಆದರೆ ಕೇಡಿನ ಉಂಗುರವೊಂದನ್ನು ನಾಶಮಾಡಿ ಲೋಕವನ್ನು ಉಳಿಸಲು ಹೊರಟವರ ಜೊತೆಯಲ್ಲಿ ಸ್ಯಾಮ್ ಎಂಬ ತೋಟಗಾರನೊಬ್ಬನಿದ್ದಾನೆ, ಅವನ ಬೆನ್ನ ಚೀಲದಲ್ಲಿ ಬಾಣಲೆಗಳಿವೆ, ಪುಟ್ಟ ಡಬ್ಬಿಯಲ್ಲಿ ಉಪ್ಪಿದೆ. ಶತ್ರುವಿನ ನಾಡಿನ ಅಂಚಿನಲ್ಲಿ ಅವನು ಮೊಲದ ಸಾರು ಮಾಡುತ್ತಾನೆ. ಕೊನೆಗೆ ಹೊರೆ ಇಳಿಸಲೇಬೇಕಾಗಿ ಬಂದಾಗ ಆ ಬಾಣಲೆಗಳನ್ನು ಕಂದಕಕ್ಕೆ ಎಸೆಯುವ ಸಾಲುಗಳಲ್ಲಿ ನನಗೆ ಯಾವ ರಾಜನ ಮರಣದಲ್ಲೂ ಆಗದ ಸಂಕಟವಾಯಿತು. ಉಪ್ಪಿನ ಡಬ್ಬಿಯ ಸುದ್ದಿ ಕೇಳಿದ ಅಜ್ಜ, “ಇವನು ಸರಿಯಾದ ಜವಾನ” ಎಂದರು. ಟೋಲ್ಕಿನ್ ನಕ್ಷೆ ಮುಂದಿಟ್ಟುಕೊಂಡು ದಾರಿ ಅಳೆದು ಬರೆದವರು, ಕಥೆಯ ದಿನಗಳಿಗೆ ಚಂದ್ರನ ವೃದ್ಧಿಕ್ಷಯ ಹೊಂದಲಿಲ್ಲವೆಂದು ಬರೆದದ್ದನ್ನೇ ತಿದ್ದಿದವರು. ಆ ಪಾಟಿ ಶ್ರಮ ಇಲ್ಲದೆ ಉಂಗುರಕ್ಕೆ ಆ ತೂಕ ಬರುತ್ತಿರಲಿಲ್ಲ.

ಅಜ್ಜನ ಕಥೆಯೇ ಅರ್ಧ ಸಮಯ ತಿಂದುಬಿಟ್ಟಿತು, ಉಳಿದವನ್ನು ಬೇಗ ಹೇಳುತ್ತೇನೆ. ಎನ್. ಕೆ. ಜೆಮಿಸಿನ್ ಅವರ ‘ದ ಫಿಫ್ತ್ ಸೀಸನ್’ 2015ರಲ್ಲಿ ಬಂದಿತು. ಅದೂ, ಅದರ ಮುಂದಿನ ಎರಡು ಭಾಗಗಳೂ 2016, 2017, 2018ರಲ್ಲಿ ಸತತವಾಗಿ, ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆದವು. ಅದಕ್ಕೂ ಮೊದಲು ಹಾಗೆ ಮೂರು ವರ್ಷ ಬಿಡದೆ ಶ್ರೇಷ್ಠ ಕಾದಂಬರಿಯ ಹ್ಯೂಗೊ ಯಾರಿಗೂ ದಕ್ಕಿರಲಿಲ್ಲ. ಭೂಮಿ ಆಗಾಗ ಬಿರಿದು, ಆಕಾಶ ಬೂದಿಯಿಂದ ಮುಚ್ಚಿ, ವರ್ಷಗಟ್ಟಲೆ ಬೆಳೆಯೇ ಇಲ್ಲದಂತಾಗುವ ಖಂಡವೊಂದರ ಕಥೆ ಅದು. ಅಲ್ಲಿ ಪ್ರತಿಯೊಂದು ಊರಿಗೂ ಕಾವಲಿರುವ ಉಗ್ರಾಣ ಉಂಟು, ಪ್ರತಿಯೊಂದು ಮನೆಯಲ್ಲೂ ಹೊತ್ತುಕೊಂಡು ಓಡಲು ಕಟ್ಟಿಟ್ಟ ಚೀಲ ಉಂಟು, ಕೆಟ್ಟ ಕಾಲದಲ್ಲಿ ಯಾರನ್ನು ಊರೊಳಗೆ ಬಿಡಬೇಕು, ಯಾರನ್ನು ಹೊರಗಟ್ಟಬೇಕು ಎಂಬ ಕ್ರೂರ ಲೆಕ್ಕವೂ ಉಂಟು. ಕಥಾನಾಯಕಿಯನ್ನು ‘ನೀನು’ ಎಂದೇ ಕರೆದು ಕಥೆ ಹೇಳುವ ರೀತಿ ಮೊದಲ ಪುಟಗಳಲ್ಲಿ ನನಗೆ ಕಿರಿಕಿರಿಯೆನಿಸಿತು, ಆಮೇಲೆ ಅದರ ಪರಿವೆಯೇ ಉಳಿಯಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡವರು, ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದವರು ನಮ್ಮ ನಡುವೆ ಇದ್ದಾರೆ. ಅವರಿಗೆ ಆ ಚೀಲದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ 2020ರದು, ಚಿಕ್ಕದು, 2021ರಲ್ಲಿ ಮಹಿಳಾ ಕಾದಂಬರಿಕಾರರಿಗೆ ಕೊಡುವ ವಿಮೆನ್ಸ್ ಪ್ರೈಜ್ ಪಡೆದದ್ದು. ಕೊನೆಯೇ ಕಾಣದ ಒಂದು ಮನೆ, ಸಾಲು ಸಾಲು ಪ್ರತಿಮೆಗಳು, ಕೆಳಗಿನ ಅಂತಸ್ತಿನಲ್ಲಿ ಉಬ್ಬರವಿಳಿತದ ಸಮುದ್ರ. ಅಲ್ಲಿ ವಾಸಿಸುವವನು ಮೀನು ಹಿಡಿಯುತ್ತಾನೆ, ಚಳಿಗಾಲದ ಉರುವಲಿಗೆ ಕಡಲಪಾಚಿ ಒಣಗಿಸಿಡುತ್ತಾನೆ, ಕೂಡಿಟ್ಟ ಆ ಉರುವಲಿನಲ್ಲಿ ಒಂದು ಪಾಲನ್ನು ಗೂಡು ಕಟ್ಟಲು ಬಂದ ಆಲ್ಬಟ್ರಾಸ್ ಹಕ್ಕಿಗಳಿಗೆ ಕೊಟ್ಟುಬಿಡುತ್ತಾನೆ. ಅಷ್ಟು ಸಾಕು, ಆ ಮನೆ ಇದೆ ಎಂದು ನಾನು ಪ್ರಮಾಣ ಮಾಡಬಲ್ಲೆ.

ಬ್ರಾಂಡನ್ ಸ್ಯಾಂಡರ್ಸನ್ ಅವರ ‘ಮಿಸ್ಟ್‌ಬಾರ್ನ್’ 2006ರದು, ಯುವಕರಿಗೆ ಬಲು ಪ್ರಿಯ. ಲೋಹ ನುಂಗಿ ಶಕ್ತಿ ಪಡೆಯುವ ಅದರ ನಿಯಮಗಳು ಅಚ್ಚುಕಟ್ಟಾಗಿವೆ, ನನ್ನ ಅಭಿಪ್ರಾಯದಲ್ಲಿ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿವೆ; ಓದುತ್ತಾ ಓದುತ್ತಾ ಪರೀಕ್ಷೆಗೆ ಕುಳಿತಂತೆ ಅನಿಸಿತು. ಬೂದಿ ಸುರಿಯುವ ಹೊಲದಲ್ಲಿ ಜೀತದಾಳುಗಳು ದುಡಿಯುವ ಆರಂಭದ ಪುಟಗಳು ಸೊಗಸಾಗಿವೆ. ಆಮೇಲೆ ಕಥೆ ಪಟ್ಟಣ ಸೇರುತ್ತದೆ, ಹೊಲದ ಕಡೆ ಸರಿಯಾಗಿ ತಿರುಗಿ ನೋಡುವುದಿಲ್ಲ. ಇನ್ನು ಜಾರ್ಜ್ ಮಾರ್ಟಿನ್, ಪ್ಯಾಟ್ರಿಕ್ ರಾತ್‌ಫಸ್ ಇಬ್ಬರ ಸರಣಿಗಳಲ್ಲೂ 2011ರ ನಂತರ ಮುಂದಿನ ಕಾದಂಬರಿ ಬಂದಿಲ್ಲ. ಬಂದಾಗ ಮಾತನಾಡೋಣ.

ಕನ್ನಡದಲ್ಲಿ ಫ್ಯಾಂಟಸಿ ಬರೆಯಲು ಹೊರಟ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಆಗಾಗ ನನಗೆ ಹಸ್ತಪ್ರತಿ ತಂದು ಕೊಡುತ್ತಾರೆ. ತೆರೆದರೆ ಹಿಮ ಬೀಳುತ್ತಿರುತ್ತದೆ, ಪೈನ್ ಮರಗಳಿರುತ್ತವೆ, ನಾಯಕ ಬ್ರೆಡ್ಡಿನ ತುಂಡು ಕಚ್ಚುತ್ತಿರುತ್ತಾನೆ. ಅಲ್ಲ ಮಕ್ಕಳೇ, ಕೊಡಲಿ ಹಾಕಬಾರದೆಂಬ ಕಟ್ಟುಪಾಡಿರುವ ದೇವರಕಾಡುಗಳು ಈ ಒಂದು ಜಿಲ್ಲೆಯಲ್ಲೇ 1,200ಕ್ಕೂ ಹೆಚ್ಚಿವೆ. ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ಕೊಯ್ಯುವ ಗದ್ದೆ ನಿಮ್ಮ ಮನೆಯ ಕೆಳಗೇ ಇದೆ. ನಿಮ್ಮ ಮಾಂತ್ರಿಕ ಹಿಮದಲ್ಲಿ ಏನು ಮಾಡುತ್ತಿದ್ದಾನೆ? ಅವನನ್ನು ಇಲ್ಲಿಗೆ ಕರೆತನ್ನಿ, ಒಂದು ಮಳೆಗಾಲ ನೆನೆಯಲಿ, ನಾಟಿಯ ದಿನ ಯಾರ ಮನೆಯಲ್ಲಿ ಊಟ ಮಾಡಿದ ಎಂದು ಬರೆಯಿರಿ. ಅಂಥ ಹಸ್ತಪ್ರತಿ ತಂದರೆ, ಕೈಬರಹ ಎಷ್ಟೇ ಕೆಟ್ಟದಾಗಿದ್ದರೂ, ನಾನು ಕೊನೆಯ ಪುಟದವರೆಗೆ ಓದಿ ಕೊಡುತ್ತೇನೆ. ನಮಸ್ಕಾರ.