ಜಾರಿದ ಕಾರು, ಎರಡನೇ ಏಟು

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ. ಇವತ್ತಿನ ವಿಷಯ, ಹಿಮ, ಮಂಜುಗಡ್ಡೆ ಮೇಲೆ ಜಾರಿದ ಸ್ಪೋರ್ಟ್ಸ್ ಕಾರನ್ನು ಹತೋಟಿಗೆ ತರುವುದು ಹೇಗೆ ಅಂತ. ಮೊದಲು ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ, ಆಮೇಲೆ ಪಾಠ.

ನಾನು ಸ್ಪೋರ್ಟ್ಸ್ ಕಾರನ್ನು ಹಳ್ಳಕ್ಕೆ ಇಳಿಸಿದ್ದು ಗಂಟೆಗೆ 40 ಕಿ.ಮೀ. ವೇಗದಲ್ಲಿ. ನೂರಾ ನಲವತ್ತಲ್ಲ, ಬರೀ ನಲವತ್ತು. ಚಳಿಗಾಲದ ಬೆಳಿಗ್ಗೆ, ಬಿಸಿಲು ಬಿದ್ದಿತ್ತು, ರಸ್ತೆ ಸುಮ್ನೆ ಒದ್ದೆಯಾದ ಹಾಗೆ ಕಾಣುತ್ತಿತ್ತು. ಎರಡು ಸೀಟಿನ ಹಳೇ ಕಾರು, ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಎರಡನೇ ಗೇರಲ್ಲಿದ್ದೆ. ಒಂದು ಸಣ್ಣ ಸೇತುವೆ, ಅದು ಮುಗಿಯುವ ಮೊದಲೇ ರಸ್ತೆ ಬಲಕ್ಕೆ ತಿರುಗುತ್ತದೆ. ಸೇತುವೆ ಮೇಲೆ ಬಂದ ಕೂಡಲೇ ಟೈರಿನ ಸದ್ದು ನಿಂತುಹೋಯಿತು. ಅದರ ಅರ್ಥ ನನಗೆ ಆಗ ಗೊತ್ತಿರಲಿಲ್ಲ. ಏನೋ ಸರಿಯಿಲ್ಲ ಅನಿಸಿ ಆಕ್ಸಿಲರೇಟರ್ ಮೇಲಿದ್ದ ಕಾಲನ್ನು ಪಟ್ಟನೆ ಎತ್ತಿದೆ. ಅಷ್ಟೇ ಸಾಕಾಯಿತು. ಕಾರಿನ ಹಿಂಬದಿ ಎಡಕ್ಕೆ ಸರಿಯತೊಡಗಿತು. ಕಣ್ಣಿಗೆ ಕಾಣುವ ಮೊದಲೇ ಸೀಟಿನಲ್ಲಿ ಗೊತ್ತಾಯಿತು, ಕೂತ ಚಾಪೆಯನ್ನು ಯಾರೋ ಮೆಲ್ಲಗೆ ಎಳೆದ ಹಾಗೆ.

ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ. ಅಷ್ಟು ಓದಿಕೊಂಡಿದ್ದೆ. ಕಾರು ಮಾತು ಕೇಳಿತು, ಹಿಂಬದಿ ವಾಪಸ್ ಬರತೊಡಗಿತು. ಆ ಅರ್ಧ ಸೆಕೆಂಡು ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಕೈ ಇನ್ನೂ ಎಡಕ್ಕೇ ಇದೆ ಅನ್ನೋದೇ ಮರೆತುಹೋಗಿತ್ತು. ಅಷ್ಟರಲ್ಲಿ ಸೇತುವೆ ಮುಗಿದು ಟೈರಿಗೆ ಒಣ ರಸ್ತೆ ಸಿಕ್ಕಿತು. ಕಾರು ಎಡಕ್ಕೆ ಚಿಮ್ಮಿತು. ಮುಂದಿನದ್ದು ಹಳ್ಳ.

ಟ್ರ್ಯಾಕ್ಟರ್ ತಂದು ಎಳೆದು ಹಾಕಿದವರು ವಯಸ್ಸಾದವರು. ರಸ್ತೆ ಮೇಲಿನ ಗುರುತು ನೋಡಿಕೊಂಡು ಬಂದು, "ತಿರುಗಿಸಿದ್ದು ಸರಿಯಾಗೇ ಇದೆಯಪ್ಪಾ, ವಾಪಸ್ ಕೊಡೋದು ಮರೆತಿದ್ದೀಯ" ಅಂದರು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಹೆಚ್ಚುಕಡಿಮೆ ಅವರ ಆ ಮಾತನ್ನೇ. ನಡುವೆ ಸ್ವಲ್ಪ ಲೆಕ್ಕ ಇದೆ, ಸಹಿಸಿಕೊಳ್ಳಿ.

ಕಾರಿನ ಒಂದೊಂದು ಟೈರೂ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ. ಹಿಡಿತ ಇರುವುದು ಅಷ್ಟರಲ್ಲೇ. ಬ್ರೇಕ್ ಹಾಕುವುದಕ್ಕೆ, ತಿರುಗುವುದಕ್ಕೆ, ಮುಂದಕ್ಕೆ ಎಳೆಯುವುದಕ್ಕೆ ಬೇರೆ ಬೇರೆ ಗಂಟು ಇಟ್ಟಿಲ್ಲ, ಮೂರಕ್ಕೂ ಅದೇ ಗಂಟಿನಿಂದ ಖರ್ಚು. ಒಣ ಡಾಂಬರಿನ ಮೇಲೆ ಘರ್ಷಣೆಯ ಅಂಕಿ ಸುಮಾರು 0.8. ಗಟ್ಟಿಯಾಗಿ ತುಳಿದ ಹಿಮದ ಮೇಲೆ 0.2 ಆಸುಪಾಸು. ಮಂಜುಗಡ್ಡೆ ಮೇಲೆ 0.1, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಇದನ್ನು ದೂರಕ್ಕೆ ಬದಲಾಯಿಸಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 18 ಮೀಟರ್ ಸಾಕು. ಹಿಮದ ಮೇಲೆ 70 ಮೀಟರ್. ಮಂಜುಗಡ್ಡೆ ಮೇಲೆ 140. ಇದರಲ್ಲಿ ನೀವು "ಅಯ್ಯೋ" ಅನ್ನುವ ಸಮಯ ಸೇರಿಲ್ಲ. ಅದಕ್ಕೆ ಒಂದು ಸೆಕೆಂಡು ಹಿಡಿದರೂ ಇನ್ನೂ 17 ಮೀಟರ್ ಆಯಿತು. ತಿರುವಿನದೂ ಇದೇ ಕಥೆ. 50 ಮೀಟರ್ ತ್ರಿಜ್ಯದ ಒಂದು ತಿರುವನ್ನು ಒಣ ರಸ್ತೆಯಲ್ಲಿ 70 ಕಿ.ಮೀ. ವೇಗದಲ್ಲಿ ತಿರುಗಬಹುದು, ಮಂಜುಗಡ್ಡೆ ಮೇಲೆ 25 ದಾಟಿದರೆ ಆಯಿತು. ಅದೇ ತಿರುವು, ಅದೇ ಕಾರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಕಾಲು ಚಾಚಿದ ಮೇಲೆ ಯಾರೋ ಹಾಸಿಗೆ ಕತ್ತರಿಸಿದ ಹಾಗೆ.

ಇನ್ನೊಂದು ವಿಷಯ. ತುಂಬಾ ಚಳಿ ಇದ್ದರೆ ಮಂಜುಗಡ್ಡೆ ಜಾಸ್ತಿ ಜಾರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಉಲ್ಟಾ. ಮೈನಸ್ 20 ಡಿಗ್ರಿಯ ಗಡ್ಡೆಗಿಂತ ಸೊನ್ನೆ ಡಿಗ್ರಿ ಹತ್ತಿರದ ಗಡ್ಡೆ ಭಾರಿ ಮೋಸದ್ದು, ಮೇಲೆ ಒಂದು ತೆಳು ನೀರಿನ ಪದರ ಇರುತ್ತದೆ. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ಬಡಿಯುವುದರಿಂದ ಉಳಿದ ರಸ್ತೆಗಿಂತ ಮೊದಲು ಅದೇ ಹೆಪ್ಪುಗಟ್ಟುತ್ತದೆ. ಬ್ಲ್ಯಾಕ್ ಐಸ್ ಅನ್ನುತ್ತಾರೆ, ಆದರೆ ಅದು ಕಪ್ಪಲ್ಲ, ಪಾರದರ್ಶಕ. ಕೆಳಗಿನ ಡಾಂಬರು ಕಾಣುತ್ತದೆ, ಅಷ್ಟೇ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದೆ, ಆದರೆ ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುತ್ತಿಲ್ಲ, ನಿಮ್ಮ ಟೈರಿನ ಸದ್ದೂ ಇಲ್ಲ ಅಂದರೆ ಅದು ನೀರಲ್ಲ.

ಸ್ಪೋರ್ಟ್ಸ್ ಕಾರಿಗೆ ಯಾಕೆ ಬೇರೆ ಪಾಠ ಬೇಕು? ಮೊದಲನೆಯದು ಟೈರ್. ಇಂಥ ಕಾರುಗಳು ಬೇಸಿಗೆ ಟೈರ್ ಹಾಕಿಕೊಂಡು ಬರುತ್ತವೆ, ಸುಮಾರು 7 ಡಿಗ್ರಿಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಅಗಲ ಟೈರ್ ಇದ್ದರೆ ಹಿಡಿತ ಜಾಸ್ತಿ ಅಂತ ಹಿಮದ ಮೇಲೆ ನಂಬಬೇಡಿ, ಹಿಮದ ರ‍್ಯಾಲಿಗಳಲ್ಲಿ ಕಿರಿದಾದ ಟೈರನ್ನೇ ಹಾಕುತ್ತಾರೆ, ಅದು ಹಿಮವನ್ನು ಸೀಳಿ ಕೆಳಗೆ ಇಳಿಯುತ್ತದೆ ಅಂತ. ಎರಡನೆಯದು ಬಲ. ಕಾಲು ಒಂದು ಕೂದಲೆಳೆ ಜಾಸ್ತಿ ಒತ್ತಿದರೂ ಹಿಂದಿನ ಚಕ್ರ ಗಿರ್ ಅಂತ ತಿರುಗಿಬಿಡುತ್ತದೆ, ಸ್ಪೋರ್ಟ್ ಮೋಡಿನಲ್ಲಿ ಇನ್ನೂ ಬೇಗ. ಮೂರನೆಯದು ನನಗೆ ಇಷ್ಟವಾದ ವಿಷಯ, ಭಾರ ಎಲ್ಲಿದೆ ಅನ್ನೋದು. ಎಂಜಿನ್ ನಡುವೆ ಇರುವ ಕಾರಿನ ಭಾರವೆಲ್ಲ ಹೊಟ್ಟೆಯಲ್ಲಿ. ಐಸ್ ಮೇಲೆ ಸ್ಕೇಟ್ ಮಾಡುವವರು ಕೈ ಒಳಕ್ಕೆ ಎಳೆದುಕೊಂಡರೆ ಬುಗುರಿ ಹಾಗೆ ಸುತ್ತುತ್ತಾರಲ್ಲ, ಅದೇ ಲೆಕ್ಕ. ತಿರುಗಲು ಶುರುವಾದರೆ ಬೇಗ ತಿರುಗಿಬಿಡುತ್ತದೆ. ಪೋರ್ಷೆ 911ರ ಎಂಜಿನ್ ಹಿಂದಿನ ಆಕ್ಸಲ್ಲಿನಿಂದಲೂ ಹಿಂದೆ. ಆ ಭಾರದಿಂದ ಹೊರಡುವಾಗ ಹಿಡಿತ ಚೆನ್ನಾಗಿರುತ್ತದೆ, ಆದರೆ ಹಿಂಬದಿ ಒಮ್ಮೆ ಹೊರಟರೆ ಗಡಿಯಾರದ ಲೋಲಕದ ಹಾಗೆ ತೂಗುತ್ತದೆ. ನಾಲ್ಕು ಚಕ್ರದ ಡ್ರೈವ್ ಇರುವವರು ನಗಬೇಡಿ. ಅದು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸುವಾಗ ಎಲ್ಲರಿಗೂ ಇರುವುದು ಅದೇ ನಾಲ್ಕು ಅಂಗೈ.

ಜಾರುವುದರಲ್ಲಿ ಎರಡು ಜಾತಿ. ಮೂತಿ ಜಾರುವುದು, ಬಾಲ ಜಾರುವುದು. ಅಂಡರ್‌ಸ್ಟೀರ್, ಓವರ್‌ಸ್ಟೀರ್ ಅಂತಾರೆ.

ಮೂತಿ ಜಾರಿದಾಗ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತಿರುತ್ತದೆ, ಸ್ಟೀರಿಂಗ್ ಕೈಯಲ್ಲಿ ಹಗುರವಾಗುತ್ತದೆ. ಆಗ ಎಲ್ಲರೂ ಮಾಡುವುದು ಇನ್ನೂ ಜಾಸ್ತಿ ತಿರುಗಿಸುವುದು. ಟೈರಿನ ಗಂಟು ಆಗಲೇ ಖಾಲಿ, ಮತ್ತೂ ಕೇಳಿದರೆ ಎಲ್ಲಿಂದ ಕೊಡುತ್ತದೆ? ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೀರಿಂಗನ್ನು ಸ್ವಲ್ಪ ನೇರ ಮಾಡಿ, ಕಾಯಿರಿ. ಎದುರಿಗೆ ಹಳ್ಳ ಕಾಣುತ್ತಿರುವಾಗ ಸ್ಟೀರಿಂಗ್ ನೇರ ಮಾಡು ಅಂದರೆ ಹುಚ್ಚು ಅನಿಸುತ್ತದೆ, ಗೊತ್ತು. ಆದರೆ ಚಕ್ರ ಮತ್ತೆ ಉರುಳಲು ಶುರುವಾದಾಗಲೇ ತಿರುಗುವುದು. ಪೂರ್ತಿ ತಿರುಗಿಸಿ ಇಟ್ಟುಕೊಂಡಿದ್ದರೆ, ಹಿಡಿತ ಸಿಕ್ಕ ಕ್ಷಣ ಕಾರು ಒಳಗಡೆಗೆ ಹಾರುತ್ತದೆ.

ಬಾಲ ಜಾರುವುದು ಎರಡು ಕಾರಣಕ್ಕೆ. ತಿರುವಿನಲ್ಲಿ ಜಾಸ್ತಿ ಒತ್ತಿದಿರಿ, ಹಿಂದಿನ ಚಕ್ರ ಸುಮ್ನೆ ಗಿರಗಿರ ತಿರುಗಿತು. ಇಲ್ಲಾ, ನನ್ನ ಹಾಗೆ ಪಟ್ಟನೆ ಕಾಲು ಎತ್ತಿದಿರಿ. ಕಾಲು ಎತ್ತಿದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರ್ ಹಗುರವಾಗುತ್ತದೆ, ಅದರ ಮೇಲೆ ಎಂಜಿನ್ ಬೇರೆ ಆ ಚಕ್ರಗಳನ್ನೇ ಹಿಡಿದು ಎಳೆಯುತ್ತದೆ. ಯಾವ ಕಾರಣವಾದರೂ ಬ್ರೇಕ್ ಮುಟ್ಟಬೇಡಿ. ಆಕ್ಸಿಲರೇಟರ್ ಒತ್ತುತ್ತಿದ್ದರೆ ಮೆಲ್ಲಗೆ ಸಡಿಲಿಸಿ. ಕ್ಲಚ್ ಇದ್ದರೆ ಒತ್ತಿ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು ಚಕ್ರ ತನ್ನಷ್ಟಕ್ಕೆ ಉರುಳುತ್ತದೆ. ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್‌ಗೆ ಹಾಕಬಹುದು, ಆದರೆ ಲಿವರ್ ಹುಡುಕಲು ತಲೆ ಬಗ್ಗಿಸಬೇಕಾದರೆ ಬೇಡವೇ ಬೇಡ.

ಇನ್ನು ಕೈ. "ಜಾರಿದ ಕಡೆಗೇ ತಿರುಗಿಸು" ಅನ್ನುವ ಹಳೇ ಮಾತು ನನಗೆ ಸೇರುವುದಿಲ್ಲ. ಆ ಗಾಬರಿಯಲ್ಲಿ ಜಾರಿದ್ದು ಯಾವ ಕಡೆ, ಮೂತಿಯದಾ ಬಾಲದ್ದಾ ಅಂತ ಯಾರು ಯೋಚಿಸುತ್ತಾರೆ? ಅದಕ್ಕಿಂತ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಚಕ್ರವನ್ನು ಅಲ್ಲಿಗೆ ತಿರುಗಿಸಿ. ಮರ ನೋಡಿದರೆ ಮರಕ್ಕೇ ಹೋಗುತ್ತೀರಿ, ಕೈ ಕಣ್ಣಿನ ಹಿಂದೆ ಹೋಗುತ್ತದೆ. ಕೆಲವೊಮ್ಮೆ ನೋಡಬೇಕಾದ ರಸ್ತೆ ಪಕ್ಕದ ಕಿಟಕಿಯಲ್ಲಿರುತ್ತದೆ. ಕುತ್ತಿಗೆ ತಿರುಗಿಸಿ ಕಿಟಕಿಯಲ್ಲೇ ನೋಡಿ. ಕೈಗಳು ಗಡಿಯಾರದ 9 ಮತ್ತು 3ರ ಜಾಗದಲ್ಲಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ನೋಡದೇ ಗೊತ್ತಾಗುತ್ತದೆ.

ಈಗ ನನ್ನನ್ನು ಹಳ್ಳಕ್ಕೆ ಕಳಿಸಿದ ಭಾಗ. ಬಾಲ ವಾಪಸ್ ಬರಲು ಶುರು ಮಾಡಿದ ಕ್ಷಣವೇ ಕೈ ಕೂಡ ವಾಪಸ್ ಬರಬೇಕು. ಕಾರು ನೇರವಾದ ಮೇಲೆ ಅಲ್ಲ, ನೇರವಾಗುತ್ತಾ ಇರುವಾಗ. ತಡವಾದರೆ ಬಾಲ ಆ ಕಡೆ ಬೀಸುತ್ತದೆ, ನೀವು ಮತ್ತೆ ತಿರುಗಿಸುತ್ತೀರಿ, ಅದು ಈ ಕಡೆ ಬೀಸುತ್ತದೆ, ಒಂದೊಂದು ಬೀಸೂ ಹಿಂದಿನದಕ್ಕಿಂತ ಜೋರು. ಮೊದಲ ಜಾರಾಟಕ್ಕೆ ತಯಾರಾಗಿ ಬಂದವರೂ ಎರಡನೆಯದಕ್ಕೆ ಬೀಳುತ್ತಾರೆ. ಸ್ಟೀರಿಂಗನ್ನು ಕತ್ತು ಹಿಸುಕುವ ಹಾಗೆ ಹಿಡಿಯಬೇಡಿ. ಮುಂದಿನ ಚಕ್ರಗಳ ಜೋಡಣೆಯೇ ಹಾಗಿದೆ, ಕಾರು ಹೋಗುತ್ತಿರುವ ದಿಕ್ಕಿಗೆ ಅವು ತಾವೇ ತಿರುಗಲು ನೋಡುತ್ತವೆ. ನಿಮ್ಮ ಮುಷ್ಟಿ ಅಡ್ಡ ಬರದಿದ್ದರೆ ಅರ್ಧ ಕೆಲಸ ಕಾರೇ ಮಾಡಿಕೊಳ್ಳುತ್ತದೆ.

"ಸಾರ್, ಈಗಿನ ಕಾರಲ್ಲಿ ಕಂಪ್ಯೂಟರ್ ಇದೆಯಲ್ಲ" ಅಂತ ಕೇಳುವವರು ಇದ್ದೇ ಇರುತ್ತಾರೆ. ಇದೆ, ಒಳ್ಳೆಯದೇ. ಬಾಷ್ ಮತ್ತು ಮರ್ಸಿಡಿಸ್ ಸೇರಿ 1978ರಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದ ಹಾಗೆ ನೋಡಿಕೊಳ್ಳುವ ಎಬಿಎಸ್, 1995ರಲ್ಲಿ ಕಾರು ಅಡ್ಡ ಜಾರದ ಹಾಗೆ ಹಿಡಿಯುವ ಇಎಸ್‌ಪಿ ತಂದವು. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆಯ ಪರೀಕ್ಷೆಯಲ್ಲಿ, ಅಡ್ಡ ಬಂದ ಕಾಡುಪ್ರಾಣಿಯನ್ನು ತಪ್ಪಿಸುವ ಹಾಗೆ ಓಡಿಸಿದಾಗ, ಮರ್ಸಿಡಿಸ್‌ನ ಸಣ್ಣ ಎ-ಕ್ಲಾಸ್ ಮಗುಚಿ ಬಿತ್ತು. ಆಮೇಲೆ ಆ ಕಾರಿಗೆ ಇಎಸ್‌ಪಿ ಕಡ್ಡಾಯವಾಗಿ ಬಂತು, ಅಲ್ಲಿಂದ ಸಣ್ಣ ಕಾರುಗಳಿಗೂ ಹರಡಿತು. ಅದು ಮಾಡುವ ಕೆಲಸ ನೋಡಿ. ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದ್ದೀರಿ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ಎರಡನ್ನೂ ಹೋಲಿಸುತ್ತಲೇ ಇರುತ್ತದೆ. ಬಾಲ ಜಾರಿದರೆ ಹೊರಗಡೆಯ ಮುಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ, ಮೂತಿ ಜಾರಿದರೆ ಒಳಗಡೆಯ ಹಿಂದಿನ ಚಕ್ರಕ್ಕೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ನಮ್ಮ ನಿಮ್ಮ ಕಾಲಿಂದ ಆಗದ ಕೆಲಸ. ಆದರೆ ಅದಕ್ಕೆ ರಸ್ತೆ ಕಾಣುವುದಿಲ್ಲ. ನಿಮ್ಮ ಸ್ಟೀರಿಂಗನ್ನೇ ನಿಮ್ಮ ಆಸೆ ಅಂತ ತಿಳಿಯುತ್ತದೆ. ನೀವು ಗಾಬರಿಯಲ್ಲಿ ಹಳ್ಳದ ಕಡೆ ಹಿಡಿದರೆ ಪಾಪ, ಅದು ನಿಷ್ಠೆಯಿಂದ ಹಳ್ಳಕ್ಕೇ ಕರೆದುಕೊಂಡು ಹೋಗುತ್ತದೆ. ಇಲ್ಲದ ಹಿಡಿತವನ್ನೂ ಅದು ಹುಟ್ಟಿಸಲಾರದು. ಚಳಿಗಾಲದಲ್ಲಿ ಅದನ್ನು ಆಫ್ ಮಾಡಿ ಶೂರತನ ತೋರಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಎಲ್ಲಾ ಕೈ ಮೀರಿ ಕಾರು ಪೂರ್ತಿ ಸುತ್ತತೊಡಗಿದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ಆಗ ಎರಡೂ ಕಾಲು ಕೆಳಗೆ, ಕ್ಲಚ್ಚೂ ಬ್ರೇಕೂ ಒಟ್ಟಿಗೆ, ಗಟ್ಟಿಯಾಗಿ. ಇನ್ನು ಉಳಿಸಿಕೊಳ್ಳಬೇಕಾದ್ದು ದಿಕ್ಕಲ್ಲ, ವೇಗ ಇಳಿಸಬೇಕು ಅಷ್ಟೇ.

ಇದೆಲ್ಲ ಕೇಳಿ ಬರುವ ವಿದ್ಯೆ ಅಲ್ಲ. ನಾರ್ವೆ, ಸ್ವೀಡನ್‌ಗಳಲ್ಲಿ ಜಾರುವ ಟ್ರ್ಯಾಕಿನ ಮೇಲೆ ಓಡಿಸಿ ತೋರಿಸದೆ ಲೈಸೆನ್ಸೇ ಸಿಗುವುದಿಲ್ಲ. ಸ್ವೀಡನ್ನಿನ ಅರ್ಯೆಪ್ಲೂಗ್ ಸುತ್ತ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಾರು ಕಂಪನಿಗಳು ಚಳಿಗಾಲವಿಡೀ ತಮ್ಮ ಹೊಸ ಕಾರುಗಳನ್ನು ಜಾರಿಸುತ್ತಾ ಕೂತಿರುತ್ತವೆ. ನಾನೂ ಹಳ್ಳದ ಮರುವರ್ಷ ಅಂಥದೇ ಒಂದು ಟ್ರ್ಯಾಕಿಗೆ ಹೋಗಿದ್ದೆ. ಮೊದಲ ಹತ್ತು ಸಲ ಹತ್ತೂ ಸಲ ಸುತ್ತಿದೆ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಬೈಯಲಿಲ್ಲ, "ಬೆರಳು ಸಡಿಲ ಬಿಡಿ" ಅಂತಷ್ಟೇ ಹೇಳುತ್ತಿದ್ದರು. ಹನ್ನೊಂದನೇ ಸಲ ಬಾಲ ಎಡಕ್ಕೆ ಹೋಯಿತು, ಕಣ್ಣು ಟ್ರ್ಯಾಕಿನ ಕೊನೆಯ ಕೆಂಪು ಕೋನ್ ಮೇಲಿತ್ತು, ಸ್ಟೀರಿಂಗ್ ಅಂಗೈಯೊಳಗೆ ಜಾರಿ ಎಡಕ್ಕೆ ಹೋಗಿ ತಾನೇ ವಾಪಸ್ ಬಂತು. ನಾನು ಹಲ್ಲು ಕಚ್ಚಿಕೊಂಡು ಎರಡನೇ ಏಟಿಗೆ ಕಾಯುತ್ತಾ ಕೂತಿದ್ದೆ. ಅದು ಬರಲೇ ಇಲ್ಲ.