ನಮ್ಮ ಏರಿಯಾದಲ್ಲಿ ಬಾಡಿಗೆ ಮನೆ ಎಷ್ಟು? ಜ್ಯೋತಿನಗರದಲ್ಲಿ ಒಂದು ಸುತ್ತು | ಚಿಕ್ಕಮಗಳೂರು ವ್ಲಾಗ್

ನಮಸ್ಕಾರ ಎಲ್ಲರಿಗೂ. ಇವತ್ತು ಬೆಟ್ಟ ಇಲ್ಲ, ಜಲಪಾತ ಇಲ್ಲ, ಹೋಂಸ್ಟೇ ಊಟ ಇಲ್ಲ. ಇವತ್ತು ಮನೆ ಎಣಿಸುತ್ತೇವೆ. ಕ್ಯಾಮೆರಾ ಹಿಡಿದಿರುವುದು ನನ್ನ ತಮ್ಮ. ಬಿಸಿಲು ಏರುವುದರೊಳಗೆ ಮುಗಿಸಬೇಕು ಅಂತ ಹೇಳಿದ್ದಾನೆ.

ಇದು ಜ್ಯೋತಿನಗರ. ಕಡೂರು ಮಂಗಳೂರು ರಸ್ತೆ, ನಾವು ಕೆ.ಎಂ. ರೋಡ್ ಅನ್ನುವುದು ಇದನ್ನೇ. ಎಐಟಿ ಕಾಲೇಜು ಇಲ್ಲೇ ಇದೆ, 1980ರಲ್ಲಿ ಶುರುವಾಗಿದ್ದು. ಇಂಜಿನಿಯರಿಂಗ್ ಕಾಲೇಜು ಇರುವ ಕಡೆ ಬಾಡಿಗೆ ಮನೆ ಇದ್ದೇ ಇರುತ್ತದೆ, ಅಲ್ವಾ? ಆದರೆ ಎಷ್ಟು ಅಂತ ಕೇಳಿ ನೋಡಿ. ಯಾರಿಗೂ ಗೊತ್ತಿಲ್ಲ.

ಈ ಪ್ರಶ್ನೆ ಯಾಕೆ ಬಂತು ಅಂದರೆ, ಬೇಸಿಗೆಯಲ್ಲಿ ನೀರಿನ ವಿಚಾರಕ್ಕೆ ನಮ್ಮ ರಸ್ತೆಯವರೆಲ್ಲ ಸೇರಿದ್ದೆವು. ನಮ್ಮೂರಿಗೆ ನೀರು ಬರುವುದು ಯಗಚಿಯಿಂದ, ಹಿರೇಕೊಳಲೆ ಕೆರೆಯಿಂದ. ನಲ್ಲಿಯಲ್ಲಿ ನೀರು ಕಡಿಮೆಯಾದರೆ ಮಹಡಿ ಮೇಲಿನ ಮನೆಯವರಿಗೆ ಮೊದಲು ತೊಂದರೆ. ನಾನು ಅದನ್ನೇ ಹೇಳಲು ಹೊರಟೆ. ಹಿರಿಯರೊಬ್ಬರು ತಡೆದರು. "ನೀವು ಬಾಡಿಗೆಯವರಲ್ವೇನಮ್ಮಾ, ಇವತ್ತು ಇರ್ತೀರಿ, ನಾಳೆ ಹೋಗ್ತೀರಿ" ಅಂದರು. ಜೋರಾಗಿ ಏನೂ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಆದರೂ ನನಗೆ ತುಂಬಾ ಬೇಜಾರಾಯಿತು. ಇವತ್ತು ಇದ್ದೇವಲ್ಲ, ಇವತ್ತು ನೀರು ಬೇಕಲ್ಲ! ಎಷ್ಟು ಜನ ಹೀಗೆ ಇದ್ದೇವೆ ಅಂತ ತಿಳಿದುಕೊಳ್ಳಬೇಕು ಅನ್ನಿಸಿದ್ದು ಆಗ.

ಈಗ ತೋರಿಸುತ್ತಿರುವುದು ನನ್ನ ಲ್ಯಾಪ್‌ಟಾಪ್. ಇದು 2011ರ ಜನಗಣತಿ. ಮನೆಪಟ್ಟಿ ಮಾಡಲು ಬಂದವರು ಸ್ವಂತ ಮನೆಯೋ ಬಾಡಿಗೆಯೋ ಅಂತ ಕೇಳಿ ಬರೆದುಕೊಂಡಿದ್ದರು. ಜನಗಣತಿ ವೆಬ್‌ಸೈಟಿನಲ್ಲಿ ಎಕ್ಸೆಲ್ ಹಾಳೆಗಳಿವೆ, ವಾರ್ಡ್‌ವಾರು ಶೇಕಡಾವಾರು ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಇಡೀ ದೇಶದ ನಗರಗಳಲ್ಲಿ ಆಗ ಶೇ. 27.5 ಕುಟುಂಬಗಳು ಬಾಡಿಗೆಗೆ ಇದ್ದವು. ಹಳ್ಳಿ ಪಟ್ಟಣ ಎಲ್ಲ ಸೇರಿದರೆ ಶೇ. 11 ಅಷ್ಟೇ. ಆಗ ಚಿಕ್ಕಮಗಳೂರು ನಗರದಲ್ಲಿ 1,18,401 ಜನ ಇದ್ದರು. ನಮ್ಮ ರಸ್ತೆಯಲ್ಲಿ ಆಗ ಖಾಲಿ ಸೈಟುಗಳಿದ್ದವು. ಈಗ ಒಂದೂ ಖಾಲಿ ಇಲ್ಲ. ಹಾಗಾಗಿ ಆ ಹಾಳೆ ಹಳೇ ಫೋಟೊ ನೋಡಿದ ಹಾಗೆ. ಇನ್ನೊಂದು ವಿಷಯ, ಹಾಸ್ಟೆಲ್‌ನಂಥ ಜಾಗಗಳು ಈ ಪಟ್ಟಿಯಲ್ಲಿ ಸೇರುವುದಿಲ್ಲ. ಕಾಲೇಜು ಪಕ್ಕದ ಬಡಾವಣೆಯಲ್ಲಿ ಅದನ್ನು ಬಿಟ್ಟರೆ ಹೇಗೆ? 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಹೊಸದಕ್ಕೆ 2026ರಲ್ಲಿ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ ಅಂತ ನಿಗದಿಯಾಗಿದೆ. ಅದರ ವಾರ್ಡ್ ಲೆಕ್ಕ ನಮ್ಮ ಕೈಗೆ ಸಿಗುವ ತನಕ ಸುಮ್ನೆ ಕೂರಲು ನನಗಾಗುವುದಿಲ್ಲ.

ಸರಿ, ಬಾಡಿಗೆ ಕರಾರು ಪತ್ರ ಇರುತ್ತದಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎಣಿಸಬಹುದಲ್ಲ ಅಂತ ತಮ್ಮ ಕೇಳಿದ. ನಿಮ್ಮ ಕರಾರು ಪತ್ರ ತೆಗೆದು ನೋಡಿ. 11 ತಿಂಗಳು ಅಂತ ಇರುತ್ತದೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗೇಣಿ, ಬಾಡಿಗೆಗಳಿಗೆ ನೋಂದಣಿ ಕಡ್ಡಾಯ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಯುವುದು. ಛಾಪಾ ಕಾಗದದಲ್ಲಿ ಸಹಿ ಹಾಕಿ ಬೀರುವಿನಲ್ಲಿ ಇಡುತ್ತಾರೆ. ಅಷ್ಟು ಕೂಡ ಇಲ್ಲದೆ ಬಾಯಿಮಾತಿನಲ್ಲೇ ಮನೆ ಕೊಡುವವರು ನಮ್ಮೂರಲ್ಲಿ ಬೇಕಾದಷ್ಟು ಜನ. ಹೀಗಾಗಿ ಸರ್ಕಾರದ ಪುಸ್ತಕದಲ್ಲಿ ನಾವಿಲ್ಲ. ಬೆಂಗಳೂರಿನಲ್ಲಾದರೆ ಆಸ್ತಿ ತೆರಿಗೆ ಕಟ್ಟುವಾಗ ಮಾಲೀಕರೇ ವಾಸ ಇದ್ದಾರೋ ಬಾಡಿಗೆಗೆ ಕೊಟ್ಟಿದ್ದಾರೋ ಅಂತ ಹೇಳಬೇಕು, ದರವೂ ಬೇರೆ. ಅಲ್ಲಿ ಅದೊಂದು ದಾರಿ ಇದೆ.

ಹಾಗಾದರೆ ಬೀದಿಗೆ ಇಳಿಯೋಣ.

ಈ ಮನೆ ನೋಡಿ. ಹೊರಗಡೆಯಿಂದಲೇ ಮೇಲಕ್ಕೆ ಮೆಟ್ಟಿಲು ಇದೆ. ಮಾಲೀಕರೇ ಮೇಲೂ ಕೆಳಗೂ ಇರುವುದಾದರೆ ಮೆಟ್ಟಿಲು ಹಾಲ್ ಒಳಗಡೆ ಇರುತ್ತದೆ. ಹೊರಗಿದ್ದರೆ ಮೇಲಿನದು ಬಾಡಿಗೆಗೆ ಅಂತಲೇ ಕಟ್ಟಿಸಿದ್ದು. ಟೆರೇಸ್ ಮೇಲೆ ಶೀಟ್ ಹಾಕಿಸಿದ್ದಾರಲ್ಲ, ನಮ್ಮ ಕಡೆ ಮಳೆಗೆ ಅದಿಲ್ಲದೆ ಬಟ್ಟೆ ಒಣಗುವುದಿಲ್ಲ. ಅದರ ಕೆಳಗೆ ಎಷ್ಟು ಹಗ್ಗ ಕಟ್ಟಿದ್ದಾರೆ ನೋಡಿ. ಒಂದೊಂದು ಮನೆಗೆ ಒಂದೊಂದು ಹಗ್ಗ. ಪಾರ್ಕಿಂಗ್‌ನಲ್ಲಿ ಕೆಎ 18 ಎರಡು, ಕೆಎ 14 ಒಂದು, ಕೆಎ 17 ಒಂದು. ಶಿವಮೊಗ್ಗ, ದಾವಣಗೆರೆ ಮಕ್ಕಳು ಇಲ್ಲಿ ಓದುತ್ತಿದ್ದಾರೆ. ಗಾಡಿ ನಂಬರ್ ಮಬ್ಬು ಮಾಡಿ ಹಾಕುತ್ತೇನೆ.

ಎಲ್ಲಕ್ಕಿಂತ ಸುಲಭ ಕರೆಂಟ್ ಮೀಟರ್. ಒಂದು ಗೋಡೆಯಲ್ಲಿ ನಾಲ್ಕು ಮೀಟರ್ ಇದ್ದರೆ ನಾಲ್ಕು ಮನೆ. 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲೂ ಮೀಟರ್ ಹಿಡಿದೇ ಮನೆ ಗುರುತಿಸಿದರು. ಆಗ ಅಂಟಿಸಿದ ಚೀಟಿ ಈ ಬಾಗಿಲ ಮೇಲೆ ಇನ್ನೂ ಇದೆ, ನೋಡಿ. ಮೀಟರ್ ಎಣಿಸಿದರೆ ಕೆಲಸ ಮುಗಿಯಿತು ಅಂತ ನಾನು ಅಂದುಕೊಂಡೇ ಹೊರಟಿದ್ದು.

ಈಗ ನಮ್ಮ ಮನೆ ಮೀಟರ್ ತೋರಿಸುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕೇಳಿಸಿಕೊಳ್ಳಿ.

ಈ ಕಟ್ಟಡದಲ್ಲಿ ಮೂರು ಮನೆ. ಮೆಸ್ಕಾಂ, ಅಂದರೆ ನಮ್ಮ ಕರೆಂಟ್ ಕಂಪನಿ, ಕೊಟ್ಟ ಮೀಟರ್ ಒಂದೇ. ಉಳಿದದ್ದೆಲ್ಲ ಸಬ್ ಮೀಟರ್, ಮಾಲೀಕರೇ ಅಂಗಡಿಯಿಂದ ತಂದು ಹಾಕಿಸಿದ್ದು. ತಿಂಗಳ ಕೊನೆಗೆ ಅವರು ಬಂದು ರೀಡಿಂಗ್ ಬರೆದುಕೊಳ್ಳುತ್ತಾರೆ. ಯೂನಿಟ್‌ಗೆ 9 ರೂಪಾಯಿ! ಮೆಸ್ಕಾಂ ಮನೆ ಬಳಕೆಗೆ ಹಾಕುವುದು ಯೂನಿಟ್‌ಗೆ 6 ರೂಪಾಯಿ ಆಸುಪಾಸು, ಜೊತೆಗೆ ನಿಗದಿತ ಶುಲ್ಕ. ಗೃಹಜ್ಯೋತಿ ಬಂದಾಗ, 2023ರಲ್ಲಿ, ನಾನು ಖುಷಿಪಟ್ಟಿದ್ದೆ. 200 ಯೂನಿಟ್ ತನಕ ಉಚಿತ, ಬಾಡಿಗೆಯವರಿಗೂ ಕೊಡುತ್ತೇವೆ ಅಂದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವಾಗ ಮಾಲೀಕರೋ ಬಾಡಿಗೆದಾರರೋ ಅಂತ ಕೇಳುತ್ತಿತ್ತು. ಒಳ್ಳೆಯ ಪ್ರಶ್ನೆ ಅದು. ಆದರೆ ಅರ್ಜಿ ಹಾಕಲು ಮೀಟರಿನ ಖಾತೆ ಸಂಖ್ಯೆ ಬೇಕು. ನನಗೆ ಮೀಟರೇ ಇಲ್ಲ!

ಲೆಕ್ಕ ಹಾಕಿ. ಒಂದೊಂದು ಮನೆಗೆ 80 ಯೂನಿಟ್ ಅಂದರೆ ಮೂರು ಮನೆಗೆ 240. 200 ದಾಟಿತು. ದಾಟಿದರೆ ಮೇಲಿನ 40ಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಎದುರು ಮನೆಯಲ್ಲಿ ಗಂಡ ಹೆಂಡತಿ, ಟಿವಿ, ಫ್ರಿಡ್ಜ್, ಗೀಸರ್ ಎಲ್ಲ ಇದೆ, ಬಿಲ್ ಸೊನ್ನೆ. ಅವರಿಗೆ ಸಿಗಲಿ, ಸಂತೋಷ. ನಾನು ಸ್ನಾನಕ್ಕೆ ಗ್ಯಾಸಿನಲ್ಲಿ ನೀರು ಕಾಯಿಸಿ ತಿಂಗಳಿಗೆ ಏಳುನೂರು ಕೊಡುತ್ತೇನೆ. ಮಾಲೀಕರನ್ನು ಕೇಳಿದೆ, ಬೇರೆ ಮೀಟರ್ ಹಾಕಿಸಿ ಸಾರ್ ಅಂತ. ಡೆಪಾಸಿಟ್ ಕಟ್ಟಬೇಕು, ವೈರಿಂಗ್ ಬದಲಿಸಬೇಕು ಅಂದರು. ಖರ್ಚಿನಲ್ಲಿ ಅರ್ಧ ನಾವು ಕೊಡುತ್ತೇವೆ ಅಂದೆವು. ನೋಡೋಣ ಅಂದರು. ಇನ್ನೂ ನೋಡುತ್ತಲೇ ಇದ್ದಾರೆ. ಮಾಲೀಕರು ಕೆಟ್ಟವರು ಅಂತ ಹೇಳುತ್ತಿಲ್ಲ, ಅಡ್ವಾನ್ಸ್ ವಿಚಾರದಲ್ಲಿ ಒಳ್ಳೆಯವರು. ಇಲ್ಲ, ಈ ವಿಚಾರದಲ್ಲಿ ಮಾಡುತ್ತಿರುವುದು ತಪ್ಪೇ. 9 ರೂಪಾಯಿ ತಪ್ಪು.

ನಮ್ಮ ವಿಷಯಕ್ಕೆ ಬರುತ್ತೇನೆ. ಇದರ ಅರ್ಥ ಏನು? ಮೀಟರ್ ಎಣಿಸಿದರೆ ಈ ಕಟ್ಟಡ ಒಂದು ಮನೆ. ಒಳಗೆ ಮೂರು ಒಲೆ ಉರಿಯುತ್ತಿವೆ. ಹಾಗಾಗಿ ಮೀಟರ್ ನಂಬಬೇಡಿ. ಒಲೆ ಎಣಿಸಬೇಕು. ಜನಗಣತಿಯವರೂ ಕುಟುಂಬ ಅನ್ನುವುದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು. ಅದು ಸರಿಯಾದ ಅಳತೆ.

ಒಲೆ ಎಣಿಸಬೇಕು ಅಂದರೆ ಬಾಗಿಲು ತಟ್ಟಬೇಕು. ಈ ಭಾಗ ರೆಕಾರ್ಡ್ ಮಾಡಿಲ್ಲ, ಮನೆಯವರು ಬೇಡ ಅಂದರು. ಜನರಿಗೆ ಹೆದರಿಕೆ ಇದೆ. ಒಬ್ಬ ಅಕ್ಕ, "ಬಾಡಿಗೆ ಅಂತ ಬರಸಿದ್ರೆ ಫ್ರೀ ಕರೆಂಟ್ ನಿಂತೋಗಲ್ವಾ?" ಅಂದರು. ನಿಲ್ಲುವುದಿಲ್ಲ ಅಂತ ಕೂತು ವಿವರಿಸಿದೆ. ಮಾಲೀಕರೊಬ್ಬರು ತೆರಿಗೆ ಆಫೀಸಿನವಳು ಅಂದುಕೊಂಡು ಗೇಟು ತೆರೆಯಲಿಲ್ಲ. ನಮಗೆ ಸಹಾಯ ಮಾಡಿದವರು ಕಸದ ಗಾಡಿಯವರು. ಯಾವ ಮಹಡಿಯಿಂದ ಎಷ್ಟು ಬಕೆಟ್ ಬರುತ್ತದೆ ಅಂತ ಅವರಿಗೆ ಬಾಯಿಪಾಠ. ಸೆಮಿಸ್ಟರ್ ರಜೆಯಲ್ಲಿ ಯಾವ ಮನೆ ಖಾಲಿ ಅನ್ನುವುದೂ ಗೊತ್ತು. ಈ ಊರಿನ ಬಗ್ಗೆ ಅವರಷ್ಟು ತಿಳಿದವರು ಇಲ್ಲ. ಅವರ ಸಂಬಳ ತಿಂಗಳು ತಿಂಗಳು ಸರಿಯಾಗಿ ಆಗಬೇಕು, ಅದರ ಬಗ್ಗೆ ಬೇರೆ ವಿಡಿಯೊ ಮಾಡುತ್ತೇನೆ.

ತಮ್ಮ ಕೈ ತೋರಿಸುತ್ತಿದ್ದಾನೆ, ಬ್ಯಾಟರಿ ಕಡಿಮೆ. ಬೇಗ ಹೇಳುತ್ತೇನೆ.

ಎಣಿಸುವಾಗ ಮೂರು ಕಡೆ ತಲೆಕೆಟ್ಟಿತು. ಒಂದು, ಭೋಗ್ಯದ ಮನೆ. ಒಟ್ಟಿಗೆ ಲಕ್ಷಗಟ್ಟಲೆ ಕೊಟ್ಟು ಕೂತಿದ್ದಾರೆ, ತಿಂಗಳ ಬಾಡಿಗೆ ಇಲ್ಲ. "ನಮ್ದು ಬಾಡಿಗೆ ಅಲ್ಲ" ಅನ್ನುತ್ತಾರೆ. ಸ್ವಂತದ್ದೂ ಅಲ್ಲವಲ್ಲ, ನಾನು ಬಾಡಿಗೆ ಕಡೆಗೇ ಹಾಕಿದೆ. ಎರಡು, ಶನಿವಾರ ಭಾನುವಾರ ಮುಳ್ಳಯ್ಯನಗಿರಿ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆ. ಅದನ್ನು ಬಾಡಿಗೆ ಮನೆ ಅಂತ ನಾನು ಒಪ್ಪುವುದಿಲ್ಲ. ಅಲ್ಲಿ ಮೊದಲು ಒಂದು ಸಂಸಾರ ಇತ್ತು. ಈಗ ಅಷ್ಟು ದೊಡ್ಡ ಮನೆ ಸೋಮವಾರದಿಂದ ಶುಕ್ರವಾರ ತನಕ ಖಾಲಿ, ಇತ್ತ ಬಾಡಿಗೆ ಮಾತ್ರ ಏರುತ್ತಲೇ ಇದೆ. ಮೂರು, ಬೀಗ ಹಾಕಿದ ಮನೆ. ತೋಟದವರು ಮಕ್ಕಳ ಓದಿಗೆ ಅಂತ ಪೇಟೆಯಲ್ಲಿ ಕಟ್ಟಿಸಿದ್ದು, ಮಕ್ಕಳು ಈಗ ಬೆಂಗಳೂರಿನಲ್ಲಿ. 2011ರಲ್ಲೇ ದೇಶದಲ್ಲಿ ಎರಡು ಕೋಟಿ 46 ಲಕ್ಷ ಮನೆಗಳು ಖಾಲಿ ಇದ್ದವು. ಇವಕ್ಕೆ ಬೇರೆ ಕಾಲಂ ಮಾಡಿದೆ.

ನಮ್ಮ ರಸ್ತೆ ಮತ್ತು ಹಿಂದಿನ ಅಡ್ಡರಸ್ತೆ ಸೇರಿ ಲೆಕ್ಕ ಬಂದಿದ್ದು ಹೀಗೆ: ಮುಖ್ಯರಸ್ತೆ ಕಡೆ ಅರ್ಧ ಬಾಡಿಗೆ, ಅರ್ಧ ಸ್ವಂತ. ಕಾಲೇಜಿಗೆ ಹತ್ತಿರದ ಅಡ್ಡರಸ್ತೆಯಲ್ಲಿ ಮುಕ್ಕಾಲು ಪಾಲು ಬಾಡಿಗೆ. ಸಭೆಯಲ್ಲಿ ನೀರಿನ ಬಗ್ಗೆ ತೀರ್ಮಾನ ಮಾಡಿದವರು ಸ್ವಂತ ಮನೆಯವರು.

ಬಾಡಿಗೆಯವರಿಗೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ನಾನು ಕೇಳಿದವರಲ್ಲಿ ಹೆಚ್ಚಿನವರ ವೋಟು ಇನ್ನೂ ಹಳೇ ಊರಿನಲ್ಲೇ ಇದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರ್ಮ್ 8 ಇದೆ, ಮೊಬೈಲಿನಲ್ಲೇ ತುಂಬಬಹುದು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ವಾರ್ಡಿನ ಸದಸ್ಯರು ಯಾಕೆ ನಮ್ಮ ಮಹಡಿ ಹತ್ತುತ್ತಾರೆ?

ಕೊನೇ ಶಾಟ್, ಅಂಚೆ ಕಚೇರಿ. 10 ರೂಪಾಯಿ ಪೋಸ್ಟಲ್ ಆರ್ಡರ್ ತಗೊಂಡಿದ್ದೇನೆ, ಮಾಹಿತಿ ಹಕ್ಕು ಅರ್ಜಿಗೆ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಅದಕ್ಕೆ ಇಷ್ಟೇ ಬರೆದಿದ್ದೇನೆ: ನಮ್ಮ ವಾರ್ಡಿನಲ್ಲಿ ಗೃಹಜ್ಯೋತಿಗೆ ಬಾಡಿಗೆದಾರರು ಅಂತ ನೋಂದಾಯಿಸಿದವರ ಒಟ್ಟು ಸಂಖ್ಯೆ ಕೊಡಿ. ಹೆಸರು ಬೇಡ, ವಿಳಾಸ ಬೇಡ, ಸಂಖ್ಯೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಕಾಗದ ಹಾಗೇ ತೋರಿಸುತ್ತೇನೆ. ಕೌಂಟರ್ ಮುಚ್ಚುತ್ತಿದ್ದಾರೆ, ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬರುತ್ತೇನೆ.