ವಂಡರ್ಲಾಗೆ ಕ್ಯಾಬ್ ಬುಕ್ ಮಾಡಿ, ಆದ್ರೆ ತುಮಕೂರಿಂದ ಬೇಡ

ಎಲ್ರಿಗೂ ನಮಸ್ಕಾರ, ತುಮಕೂರಿಂದ ಮಾತಾಡ್ತಿದೀನಿ. ಬೇಸಿಗೆ ರಜೆ ಬಂತು ಅಂದ್ರೆ ನಮ್ಮ ಕಡೆ ಮಕ್ಕಳಿರೋ ಮನೇಲೆಲ್ಲಾ ವಂಡರ್ಲಾ ಅಮ್ಯೂಸ್‌ಮೆಂಟ್ ಪಾರ್ಕಿನ ಜಪ ಶುರು ಆಗುತ್ತೆ. ಹೋಗೋದು ಅಂತ ಒಂದ್ಸಲ ಡಿಸೈಡ್ ಆಯ್ತಾ, ಆಮೇಲೆ ಇನ್ನೊಂದು ಚರ್ಚೆ, ಬಸ್ಸಲ್ಲಿ ಹೋಗೋದಾ ಇಲ್ಲ ಆ್ಯಪ್‌ನಲ್ಲಿ ಕ್ಯಾಬ್ ಬುಕ್ ಮಾಡ್ಕೊಂಡು ಹೋಗೋದಾ. ಈಗೀಗ ರೀಲ್ಸ್ ನೋಡಿದ್ರೆ ಒಂದೇ ಮಾತು, ಬಸ್ಸಲ್ಲಿ ಯಾಕ್ರೀ ಒದ್ದಾಡ್ತೀರಾ, ಫೋನ್ ತೆಗೀರಿ, ಬುಕ್ ಮಾಡಿ, ಆರಾಮಾಗಿ ಹೋಗಿ ಬನ್ನಿ. ಇದ್ರಲ್ಲಿ ಅರ್ಧ ನಾನೂ ಒಪ್ತೀನಿ. ಇನ್ನರ್ಧ ಖಂಡಿತ ಒಪ್ಪಲ್ಲ, ಯಾಕಂದ್ರೆ ಹಂಗೆ ಹೇಳೋರು ವಿಜಯನಗರದಲ್ಲೋ ಕೆಂಗೇರಿಲೋ ಮನೆ ಇರೋರು, ಅವರ ಲೆಕ್ಕ ಬೇರೆ, ತುಮಕೂರಿನೋರ ಲೆಕ್ಕ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ಹೇಳ್ತೀನಿ. ಬಸ್ಸು ಎಲ್ಲಿವರೆಗೂ ಚೆನ್ನಾಗಿ ಕರ್ಕೊಂಡು ಹೋಗುತ್ತೋ ಅಲ್ಲಿವರೆಗೂ ಬಸ್ಸೇ ಹತ್ತಿ. ಅದು ಕೈ ಕೊಡೋ ಜಾಗ ಒಂದಿದೆ, ಅಲ್ಲಿಂದ ಕ್ಯಾಬ್ ಹಾಕಿ, ಅದಕ್ಕೆ ದುಡ್ಡು ಖರ್ಚು ಮಾಡೋಕೆ ಹಿಂದೆ ಮುಂದೆ ನೋಡ್ಬೇಡಿ. ಮನೆ ಬಾಗಿಲಿಂದ ವಂಡರ್ಲಾ ಗೇಟಿಗೆ ಆ್ಯಪ್ ಕ್ಯಾಬು, ಸಾಯಂಕಾಲ ಅದೇ ಥರ ಗೇಟಿಂದ ಮನೆಗೆ ಅನ್ನೋ ಪ್ಲಾನ್ ಮಾತ್ರ ನಮ್ಮೂರಿನೋರು ಮಾಡ್ಲೇಬಾರ್ದು.

ದಾರಿ ಹೆಂಗಿದೆ ನೋಡಿ. ವಂಡರ್ಲಾ ಇರೋದು ಮೈಸೂರು ರೋಡಲ್ಲಿ ಬಿಡದಿ ಹತ್ರ, 2005ರಲ್ಲಿ ಶುರು ಆಗಿದ್ದು, 82 ಎಕರೆ, ಬೆಂಗಳೂರಿಂದಾನೇ 28 ಕಿಲೋಮೀಟರ್ ದೂರ. ನಾವು ಬೆಂಗಳೂರಿನ ಈ ಕಡೆ 70 ಕಿಲೋಮೀಟರ್. ಬಸ್ಸಲ್ಲೇ ಹೋಗ್ತೀನಿ ಅಂದ್ರೆ ತುಮಕೂರು ಬಸ್ ಸ್ಟ್ಯಾಂಡಲ್ಲಿ ಹತ್ತಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಲ್ಲಿ ಕೂತು, ಮೆಜೆಸ್ಟಿಕ್‌ನಲ್ಲಿ ಇಳಿದು, ಬ್ಯಾಗು ಮಕ್ಕಳನ್ನೆಲ್ಲ ಎಳ್ಕೊಂಡು ಆ ಕಡೆ ಬಿಎಂಟಿಸಿ ಸ್ಟ್ಯಾಂಡಿಗೆ ದಾಟಿ, ಬಿಡದಿ ಕಡೆ ಬಸ್ ಹುಡುಕಿ, ಮತ್ತೆ ಮೈಸೂರು ರೋಡಿನ ಟ್ರಾಫಿಕ್ಕು, ಕೊನೆಗೆ ಹೈವೇಲಿ ಇಳಿಸಿದ್ರೆ ಅಲ್ಲಿಂದ ಒಳಗಡೆ ಹೋಗ್ಬೇಕು. ಪಾರ್ಕ್ ಓಪನ್ ಆಗೋದು 11 ಗಂಟೆಗೆ, ಮಾಮೂಲಿ ದಿನ ಸಾಯಂಕಾಲ 6ಕ್ಕೆ ಮುಚ್ಚುತ್ತೆ. ಒಬ್ಬೊಬ್ರಿಗೆ ಸಾವಿರ ರೂಪಾಯಿ ಮೇಲೆ ಟಿಕೆಟ್ ಕೊಟ್ಟು ಮಧ್ಯಾಹ್ನ 1 ಗಂಟೆಗೆ ಒಳಗೆ ಹೋದ್ರೆ ಉಳಿಯೋದು 5 ಗಂಟೆ, ಅದ್ರಲ್ಲಿ ಊಟಕ್ಕೆ ಒಂದು ಗಂಟೆ, ಕ್ಯೂಗೆ ಎಷ್ಟೋ. ಬೆಳಿಗ್ಗೆ ಹೊತ್ತು ಉಳಿಸೋಕೆ ದುಡ್ಡು ಕೊಡೋದು ದುಂದುವೆಚ್ಚ ಅಲ್ಲ ಅಂತ ನಾನು ಹೇಳೋದು ಇದಕ್ಕೇನೇ.

ಅದಕ್ಕೆ ಮೆಜೆಸ್ಟಿಕ್‌ಗೆ ಹೋಗ್ಲೇಬೇಡಿ, ಮಾದಾವರದಲ್ಲಿ ಇಳ್ಕೊಳ್ಳಿ. ತುಮಕೂರು ರೋಡಲ್ಲೇ ಇದೆ, ದೊಡ್ಡ ದೊಡ್ಡ ಎಕ್ಸಿಬಿಷನ್ ಎಲ್ಲ ನಡೆಯುತ್ತಲ್ಲ ಬಿಐಇಸಿ, ಅಲ್ಲೇ. ಸಿಟಿ ಹೊರಗಡೆಯಿಂದಾನೇ ಸುತ್ತಿ ಹೋಗೋ ಟೋಲ್ ರೋಡು ನೈಸ್ ರೋಡ್ ಇದ್ಯಲ್ಲ, ಅದು ತುಮಕೂರು ರೋಡಿಗೆ ಬಂದು ಸೇರೋದೂ ಅಲ್ಲೇ, 2024ರ ನವೆಂಬರ್‌ನಿಂದ ಮೆಟ್ರೋ ಹಸಿರು ಲೈನ್ ಬಂದಿರೋದೂ ಅಲ್ಲಿಗೇ. ಬಸ್ ಹತ್ತೋಕೆ ಮುಂಚೆ ಕಂಡಕ್ಟರ್ ಅಣ್ಣನ್ನ ಕೇಳಿ, ಮಾದಾವರದ ಹತ್ರ ಸ್ಟಾಪ್ ಕೊಡ್ತೀರಾ ಅಂತ, ಯಾಕಂದ್ರೆ ನಾನ್‌ಸ್ಟಾಪ್ ಹತ್ತಿಬಿಟ್ರೆ ನಡುವೆ ಇಳಿಸಲ್ಲ. ಇಳಿದ್ಮೇಲೆ ಅಲ್ಲಿಂದ ಆ್ಯಪ್‌ನಲ್ಲಿ ಕ್ಯಾಬ್ ಹಾಕಿ. ಸಿಟಿಯ ಅಂಚಲ್ಲಿರೋ ಜಾಗ, ನೈಸ್ ರೋಡ್ ಕೈಗೆಟುಕೋ ಹಂಗಿದೆ, ತುಮಕೂರಲ್ಲಿ ಬುಕ್ ಮಾಡೋದಕ್ಕಿಂತ ಬೇಗ ಗಾಡಿ ಸಿಗುತ್ತೆ.

ಈಗ ದುಡ್ಡಿನ ವಿಷಯ. ರಾಜ್ಯ ಸರ್ಕಾರ 2024ರ ಫೆಬ್ರವರಿಲಿ ಸಿಟಿ ಟ್ಯಾಕ್ಸಿಗೂ ಆ್ಯಪ್ ಕ್ಯಾಬ್‌ಗೂ ಒಂದೇ ರೇಟ್ ಅಂತ ಆದೇಶ ಮಾಡ್ತು, 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24, ಟೋಲು ಮತ್ತೆ 5 ಪರ್ಸೆಂಟ್ ಜಿಎಸ್‌ಟಿ ಬೇರೆ. ಮಾದಾವರದಿಂದ ನೈಸ್ ರೋಡಲ್ಲಿ ವಂಡರ್ಲಾಗೆ 30 ಕಿಲೋಮೀಟರ್ ಅಂತ ಇಟ್ಕೊಳ್ಳಿ, ಹತ್ತತ್ರ ಅಷ್ಟೇ ಆಗುತ್ತೆ, 724 ರೂಪಾಯಿ ಬಂತು. ನಾಲ್ಕು ಜನಕ್ಕೆ ಹಂಚಿದ್ರೆ ತಲೆಗೆ 181, ಮೇಲೆ ಜಿಎಸ್‌ಟಿ, ನೈಸ್ ಟೋಲು. ಟೋಲು ಕಮ್ಮಿ ಏನಲ್ಲ, ಅದನ್ನ ಲೆಕ್ಕಕ್ಕೆ ಹಿಡೀರಿ. ಇದೇ ನಾಲ್ಕು ಜನ ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಾಯಿಸಿ, ನೇರಳೆ ಲೈನಿನ ಕೊನೇ ಸ್ಟೇಷನ್ ಚಲ್ಲಘಟ್ಟಕ್ಕೆ ಹೋದ್ರೆ 2025ರ ಫೆಬ್ರವರಿಲಿ ರೇಟ್ ಏರಿದ ಮೇಲೆ ಒಬ್ಬೊಬ್ರಿಗೆ 90ರ ಹಂಗೆ 360, ಅಲ್ಲಿಂದ ವಂಡರ್ಲಾಗೆ 10 ಕಿಲೋಮೀಟರ್ ಅಂದ್ರೂ ಕ್ಯಾಬ್‌ಗೆ 244, ಒಟ್ಟು 604. ನೂರಿಪ್ಪತ್ತು ರೂಪಾಯಿ, ಅದ್ರ ಮೇಲೆ ಟೋಲು, ಅಷ್ಟೇ ವ್ಯತ್ಯಾಸ, ಉಳಿಯೋದು ಹತ್ತತ್ರ ಒಂದು ಗಂಟೆ. ಬೆಳಿಗ್ಗೆ ಆ ಒಂದು ಗಂಟೆ ನಿಮ್ಮ ಮಗಂಗೆ ಎರಡು ರೈಡು.

ಇಲ್ಲಿ ಹೆಣ್ಮಕ್ಕಳಿಗೆ ಒಂದು ಮಾತು ಹೇಳ್ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಕೆಎಸ್ಆರ್‌ಟಿಸಿ, ಬಿಎಂಟಿಸಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ಸಲ್ಲಿ ರಾಜ್ಯದ ಹೆಣ್ಮಕ್ಕಳಿಗೆ ಫ್ರೀ, ರಾಜಹಂಸ, ಎಸಿ ಬಸ್ಸಿಗೆ ಇಲ್ಲ, ಮೆಟ್ರೋಗೂ ಇಲ್ಲ. ಅಂದ್ರೆ ಅಮ್ಮ, ಅಜ್ಜಿ, ಅತ್ತೆ, ಹುಡುಗೀರು ಇರೋ ಗುಂಪು ತುಮಕೂರಿಂದ ಮಾದಾವರದವರೆಗೂ ಒಂದು ರೂಪಾಯಿ ಕೊಡದೆ ಬರಬಹುದು. ಐಡಿ ಮಾತ್ರ ಕೈಗೆ ಸಿಗೋ ಹಂಗೆ ಇಟ್ಕೊಳ್ಳಿ, ಬ್ಯಾಗಿನ ತಳದಲ್ಲಿ ಟವಲ್ ಕೆಳಗೆ ಇಟ್ಟು ಕಂಡಕ್ಟರ್ ಮುಂದೆ ಹುಡುಕೋದು ಬೇಡ. ಆ ಐವತ್ತು ಕಿಲೋಮೀಟರ್‌ನ ಫ್ರೀಯಾಗಿ ಕರ್ಕೊಂಡು ಹೋಗೋ ಬಸ್ ಇರೋವಾಗ ಅಷ್ಟಕ್ಕೂ ಕ್ಯಾಬ್‌ಗೆ ದುಡ್ಡು ಸುರಿಯೋದು ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಆ ದುಡ್ಡಲ್ಲಿ ಬಿಡದಿಲಿ ಎಲ್ರಿಗೂ ತಟ್ಟೆ ಇಡ್ಲಿ ಕೊಡಿಸಿ. ನಮ್ಮ ಕ್ಯಾತ್ಸಂದ್ರದ ಇಡ್ಲಿಗೆ ಅದು ಸಮ ಬರಲ್ಲ, ಆ ವಾದ ಇನ್ನೊಂದಿನ ಇಟ್ಕೊಳ್ಳೋಣ.

ಸರಿ, ಬೆಳಿಗ್ಗೆ ಮುಗೀತು. ಕಷ್ಟ ಇರೋದೆಲ್ಲ ಸಾಯಂಕಾಲ.

ಪಾರ್ಕ್ ಮುಚ್ಚೋ ಹೊತ್ತಿಗೆ ಗೇಟಲ್ಲಿ ಒಂದ್ಸಲ ನಿಂತು ನೋಡಿ. ಎಲ್ರೂ ಒಟ್ಟಿಗೆ ಆಚೆ ಬರ್ತಾರೆ. ತಲೆ ಒದ್ದೆ, ಪ್ಲಾಸ್ಟಿಕ್ ಕವರಲ್ಲಿ ನೀರು ತೊಟ್ಟಿಕ್ತಿರೋ ನೈಲಾನ್ ಬಟ್ಟೆ, ಚಿಕ್ಕ ಮಗು ಹೆಗಲ ಮೇಲೆ ನಿದ್ದೆ, ದೊಡ್ಡವನಿಗೆ ಹಸಿವು. ಬೆಳಿಗ್ಗೆಯಿಂದ ಫೋಟೋ ತೆಗೆದೂ ತೆಗೆದೂ ಫೋನಲ್ಲಿ ಚಾರ್ಜ್ ಕೆಂಪಿಗೆ ಬಂದಿರುತ್ತೆ. ಅಷ್ಟೂ ಜನ ಒಂದೇ ಹತ್ತು ನಿಮಿಷದಲ್ಲಿ ಅದೇ ಆ್ಯಪ್ ಓಪನ್ ಮಾಡ್ತಾರೆ. ಬುಕ್ಕೇನೋ ಆಗುತ್ತೆ, ಡ್ರೈವರ್ ಫೋನ್ ಮಾಡ್ತಾರೆ, ಎಲ್ಲಿಗೆ ಸಾರ್ ಡ್ರಾಪು? ತುಮಕೂರು. ಎರಡು ಸೆಕೆಂಡ್ ಸುಮ್ನಿರ್ತಾರೆ. ಕ್ಯಾಶಾ ಆನ್‌ಲೈನಾ? ನೀವು ಉತ್ತರ ಹೇಳೋಷ್ಟರಲ್ಲಿ ಕಟ್, ಸ್ಕ್ರೀನಲ್ಲಿ ಮತ್ತೆ ಗಾಡಿ ಹುಡುಕ್ತಾ ಇರುತ್ತೆ. ಇನ್ನೊಬ್ರು ಬರ್ತಾರೆ, ಅದೇ ಪ್ರಶ್ನೆ. ಮೂರನೆಯವರು ಕ್ಯಾನ್ಸಲ್ ಮಾಡಲ್ಲ, ಬರೋದೂ ಇಲ್ಲ, ಮ್ಯಾಪಲ್ಲಿ ಗಾಡಿ ನಿಂತಲ್ಲೇ ನಿಂತಿರುತ್ತೆ, ನೀವೇ ಕ್ಯಾನ್ಸಲ್ ಮಾಡ್ಲಿ ಅಂತ ಕಾಯ್ತಿರ್ತಾರೆ. ನಂಗೂ ಇದು ಆಗಿದೆ, ಮನೆಯೋರನ್ನೆಲ್ಲ ನಿಲ್ಲಿಸ್ಕೊಂಡು ಆ ಕತ್ತಲಲ್ಲಿ ಕಾದಾಗ ಸಿಟ್ಟು ಬಂದಿದ್ದು ನಿಜ.

ಆದ್ರೆ ಡ್ರೈವರ್ ಅಣ್ಣಂದಿರನ್ನ ಬೈದು ಪ್ರಯೋಜನ ಇಲ್ಲ ಕಣ್ರೀ, ಅವರ ಸೀಟಲ್ಲಿ ಕೂತು ಯೋಚನೆ ಮಾಡಿ. ಬೆಂಗಳೂರಿನ ಗಾಡಿ, ರಾತ್ರಿ 7 ಗಂಟೆ, ಬಿಡದಿಯಿಂದ ತುಮಕೂರಿಗೆ ಹೋದ್ರೆ 80, 90 ಕಿಲೋಮೀಟರ್. ಬಿಟ್ಟು ವಾಪಸ್ ಬರೋವಾಗ 9, 10 ಗಂಟೆ, ಆ ಹೊತ್ತಲ್ಲಿ ತುಮಕೂರಿಂದ ಬೆಂಗಳೂರಿಗೆ ಕ್ಯಾಬ್ ಯಾರು ಬುಕ್ ಮಾಡ್ತಾರೆ? ಬಸ್ ಸ್ಟ್ಯಾಂಡಲ್ಲಿ ಹತ್ತು ನಿಮಿಷಕ್ಕೊಂದು ಬಸ್ ನಿಂತಿರುತ್ತೆ. ಖಾಲಿ ಗಾಡಿ 70 ಕಿಲೋಮೀಟರ್ ಓಡಿಸ್ಕೊಂಡು ಬರ್ಬೇಕು, ಗ್ಯಾಸು, ಟೋಲು ಎಲ್ಲ ಅವರ ಕೈಯಿಂದ. ಹಂಗಾಗಿ ಒಪ್ಪೋರು ಯಾರಾದ್ರೂ ಇದ್ರೂ ಎರಡೂ ಕಡೆ ಬಾಡಿಗೆ ಕೇಳ್ತಾರೆ, ಕೇಳೋದು ನ್ಯಾಯಾನೇ. ಕೇಂದ್ರ ಸರ್ಕಾರ 2025ರ ಜುಲೈಲಿ ಹೊರಡಿಸಿದ ಮಾರ್ಗಸೂಚಿಲಿ, ಸರಿಯಾದ ಕಾರಣ ಇಲ್ಲದೆ ಕ್ಯಾನ್ಸಲ್ ಮಾಡಿದ್ರೆ ಬಾಡಿಗೆಯ ಹತ್ತು ಪರ್ಸೆಂಟ್, ಹೆಚ್ಚು ಅಂದ್ರೆ 100 ರೂಪಾಯಿ ದಂಡ ಅಂತ ಬರೆದಿದಾರೆ. 100 ರೂಪಾಯಿ ದಂಡಕ್ಕೆ ಹೆದರಿ 70 ಕಿಲೋಮೀಟರ್ ಖಾಲಿ ಬರೋರು ಯಾರು, ನೀವೇ ಹೇಳಿ.

ಅಮೆರಿಕದ ಒರ್ಲ್ಯಾಂಡೋದಲ್ಲಿರೋ ಡಿಸ್ನಿ ವರ್ಲ್ಡ್‌ಗೆ ಹೋದೋರು ಮಾಡೋ ವಿಡಿಯೋಗಳು ನೋಡಿರ್ತೀರಾ. ಅಲ್ಲಿ ಡಿಸ್ನಿ ಹೋಟೆಲ್‌ನಲ್ಲಿ ಉಳ್ಕೊಂಡೋರಿಗೆ ಬಸ್ ಫ್ರೀ, ಆದ್ರೂ ತುಂಬಾ ಜನ ಬಸ್ಸಿಗೆ ಕಾಯೋಕಾಗಲ್ಲ ಅಂತ ಆ್ಯಪ್ ಕ್ಯಾಬ್ ಹತ್ತಾರೆ, 2017ರಲ್ಲಿ ಡಿಸ್ನಿಯೋರೇ ಲಿಫ್ಟ್ (Lyft) ಅನ್ನೋ ಆ್ಯಪ್ ಕ್ಯಾಬ್ ಕಂಪನಿ ಜೊತೆ ಸೇರಿ ಮಿನ್ನೀ ವ್ಯಾನ್ ಅಂತ ಕೆಂಪು ಬಿಳಿ ಚುಕ್ಕಿ ಗಾಡಿಗಳನ್ನೂ ಬಿಟ್ರು. ಅಲ್ಲಿ ಅದು ನಡೆಯುತ್ತೆ, ಯಾಕಂದ್ರೆ ನಾಲ್ಕು ಥೀಮ್ ಪಾರ್ಕು, ಹತ್ತಾರು ಹೋಟೆಲು ಎಲ್ಲ ಒಂದೇ ಆವರಣದಲ್ಲಿ, ಒಬ್ರನ್ನ ಇಳಿಸಿದ ಜಾಗದಲ್ಲೇ ಇನ್ನೊಬ್ರು ಹತ್ತಾರೆ, ಗಾಡಿ ಖಾಲಿ ಓಡೋದೇ ಕಮ್ಮಿ. ಅದನ್ನ ನೋಡ್ಕೊಂಡು ನಮ್ಮ ಬಿಡದಿಗೆ ಅದೇ ಸಲಹೆ ಕೊಡೋರಿಗೆ ನಾನು ಹೇಳೋದು, ಹಿಂದಿರುಗೋ ಬಾಡಿಗೆ ಇರೋ ಕಡೆ ಮಾತ್ರ ಆ್ಯಪ್ ಕೆಲಸ ಮಾಡುತ್ತೆ, ಇಲ್ಲದ ಕಡೆ ನೀವು ಎಷ್ಟು ಒತ್ತಿದ್ರೂ ಮಾಡಲ್ಲ.

ಇದನ್ನ ತಲೇಲಿ ಇಟ್ಕೊಂಡ್ರೆ ಸಾಯಂಕಾಲಕ್ಕೆ ದಾರಿ ತಾನಾಗೇ ಸಿಗುತ್ತೆ. ಡ್ರೈವರ್‌ಗೆ ಬೇಕಾಗಿರೋ ಕಡೆಗೆ ಡ್ರಾಪ್ ಹಾಕಿ. ಆ ಹೊತ್ತಲ್ಲಿ ಗಾಡಿಗಳೆಲ್ಲ ಬೆಂಗಳೂರು ಒಳಗೆ ಹೋಗೋಕೆ ಕಾಯ್ತಿರ್ತವೆ, ಚಲ್ಲಘಟ್ಟ ಮೆಟ್ರೋ ಅಂತ ಹಾಕಿ, ಕ್ಯಾನ್ಸಲ್ ಮಾಡೋದು ತುಂಬಾ ಕಮ್ಮಿ. ಕ್ಯಾಬ್ ಸಿಗ್ಲಿಲ್ವಾ, ಆಟೋನೂ ಆಗುತ್ತೆ, ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಿಗೆ ಆಟೋ ಬಿಡಲ್ಲ, 2023ರ ಆಗಸ್ಟ್ 1ರಿಂದ ಬೈಕು ಆಟೋ ಎಲ್ಲ ಬಂದ್, ಸರ್ವಿಸ್ ರೋಡಲ್ಲೇ ಹೋಗ್ತಾರೆ, ಸ್ವಲ್ಪ ನಿಧಾನ. ಮೆಟ್ರೋ ಹತ್ತಿ ಕೂತ್ರೆ ಕೊನೇ ಸ್ಟೇಷನ್ ಆಗಿರೋದ್ರಿಂದ ಸೀಟ್ ಸಿಗುತ್ತೆ, ಮಕ್ಕಳು ಮಲಗ್ತವೆ. ಮಾದಾವರಕ್ಕೆ ಹೋಗ್ಬೇಡಿ ಈ ಸಲ, ರಾತ್ರಿ ಹೊತ್ತು ರೋಡಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಾಕೋದು ಬೇಡ, ಮೆಜೆಸ್ಟಿಕ್‌ನಲ್ಲೇ ಇಳಿದು ತುಮಕೂರು ಬಸ್ಸಲ್ಲಿ ಸೀಟ್ ಹಿಡ್ಕೊಂಡು ಬನ್ನಿ. ಲೇಟಾಗುತ್ತೆ, ಹೌದು. ಆದ್ರೆ ಎಲ್ಲೂ ಅಸಹಾಯಕರಾಗಿ ನಿಲ್ಲಲ್ಲ, ಪ್ರತಿ ಹಂತದಲ್ಲೂ ಮುಂದಿನ ಗಾಡಿ ಇದೆ ಅಂತ ಗೊತ್ತಿರುತ್ತೆ.

ವಯಸ್ಸಾದೋರು ಜೊತೇಲಿದ್ರೆ, ಮಂಡಿನೋವು ಇರೋ ಅಜ್ಜಿ, ಕೈಗೂಸು ಇರೋ ತಾಯಿ, ಇವರನ್ನ ಮೆಜೆಸ್ಟಿಕ್ ಮೆಟ್ಟಿಲು ಹತ್ತಿಸಿ ಇಳಿಸಬೇಡಿ. ಹಂಗಿದ್ದಾಗ ಆ್ಯಪ್ಪೂ ಬೇಡ, ಬಸ್ಸೂ ಬೇಡ, ನಮ್ಮೂರಿನ ಹಳದಿ ಬೋರ್ಡ್ ಗಾಡಿ ಒಂದು ದಿನಕ್ಕೆ ಮಾತಾಡಿ, ಬೆಳಿಗ್ಗೆ ಬಿಟ್ಟು ಅಲ್ಲೇ ಇದ್ದು ರಾತ್ರಿ ವಾಪಸ್ ಕರ್ಕೊಂಡು ಬರೋ ಹಂಗೆ. ಐದಾರು ಜನ ಆದ್ರೆ ತಲೆಗೆ ಬೀಳೋದೂ ಜಾಸ್ತಿ ಅನ್ಸಲ್ಲ. ಮಾತಾಡೋವಾಗ್ಲೇ ಕೇಳ್ಬಿಡಿ, ಟೋಲು ಸೇರಿ ಎಷ್ಟು, ಪಾರ್ಕಿಂಗ್ ಯಾರ್ದು, ಡ್ರೈವರ್ ಭತ್ಯೆ ಎಷ್ಟು, ಎಷ್ಟು ಕಿಲೋಮೀಟರ್ ಆದ್ಮೇಲೆ ಎಕ್ಸ್‌ಟ್ರಾ. ಡ್ರೈವರ್ ಮಧ್ಯಾಹ್ನ ಊಟ ಎಲ್ಲಿ ಮಾಡ್ತಾರೆ ಅಂತಾನೂ ಕೇಳಿ, ಇಡೀ ದಿನ ಬಿಸಿಲಲ್ಲಿ ಪಾರ್ಕಿಂಗ್‌ನಲ್ಲಿ ಕಾದು ರಾತ್ರಿ ನಮ್ಮ ಮಕ್ಕಳನ್ನ ಮನೆ ಮುಟ್ಟಿಸೋದು ಅವರೇ. ವೈಟ್ ಬೋರ್ಡ್ ಗಾಡಿ ಐನೂರು ರೂಪಾಯಿ ಕಮ್ಮಿ ಅಂತ ಬಂದ್ರೆ ಹತ್ತಬೇಡಿ, ಬಾಡಿಗೆಗೆ ಓಡಿಸೋ ಪರ್ಮಿಟ್ ಅದಕ್ಕಿರಲ್ಲ, ಏನಾದ್ರೂ ಆದ್ರೆ ಇನ್ಶೂರೆನ್ಸ್ ಬರೋದು ಕಷ್ಟ.

ಇಷ್ಟೆಲ್ಲ ಸರ್ಕಸ್ ಯಾಕೆ ಬೇಕು ಅನ್ನೋದು ನನ್ನ ಕೊನೇ ಪ್ರಶ್ನೆ. ನೈಸ್ ರೋಡ್ ಇದೆ, ತುಮಕೂರಲ್ಲಿ ಕೆಎಸ್ಆರ್‌ಟಿಸಿ ವಿಭಾಗದ ಕಚೇರಿನೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ, ದಸರಾ ರಜೇಲಿ, ಭಾನುವಾರ ಭಾನುವಾರ, ಬೆಳಿಗ್ಗೆ 8ಕ್ಕೆ ತುಮಕೂರು ಬಿಟ್ಟು ನೈಸ್ ಮೇಲೆ ವಂಡರ್ಲಾಗೆ ಹೋಗಿ, ಪಾರ್ಕ್ ಮುಚ್ಚಿದ ಅರ್ಧ ಗಂಟೆಗೆ ಅಲ್ಲಿಂದ ವಾಪಸ್ ಹೊರಡೋ ಒಂದೇ ಒಂದು ಎಕ್ಸ್‌ಪ್ರೆಸ್ ಬಸ್ ಬಿಡೋಕಾಗಲ್ವಾ? ಹೆಣ್ಮಕ್ಕಳಿಗೆ ಶಕ್ತಿ, ಗಂಡಸರು ಟಿಕೆಟ್ ತಗೊಳ್ತೀವಿ. ಬಸ್ ತುಂಬಲ್ಲ ಅನ್ನೋ ಅನುಮಾನ ಇದ್ರೆ ಒಂದು ರಜೆ ಓಡಿಸಿ ನೋಡ್ಲಿ. ಅಲ್ಲಿವರೆಗೂ ನಮ್ಮ ಬೀದಿಯೋರು ಒಟ್ಟಿಗೆ ಸೇರಿ ಕೆಎಸ್ಆರ್‌ಟಿಸಿ ಬಸ್ಸನ್ನೇ ಒಪ್ಪಂದದ ಮೇಲೆ ಬಾಡಿಗೆಗೆ ತಗೊಳ್ಳೋ ಮಾತಾಡ್ತಿದೀವಿ, ಆ ಸೌಲಭ್ಯ ಇದೆ, ಡಿಪೋದಲ್ಲಿ ಕೇಳಿದ್ರೆ ರೇಟ್ ಹೇಳ್ತಾರೆ. ಜೊತೆಗೆ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಒಂದು ಅರ್ಜಿ ಬರೆದಿದೀವಿ, ಶೆಟ್ಟಿಹಳ್ಳಿ, ಎಸ್ಎಸ್ ಪುರಂ, ಬಟವಾಡಿ ಕಡೆಯೋರು ಯಾರಾದ್ರೂ ಸಹಿ ಹಾಕೋಕೆ ರೆಡಿ ಇದ್ರೆ ಹೇಳಿ, ಈ ರಜೆ ಶುರು ಆಗೋಕೆ ಮುಂಚೆ ಕೊಟ್ಟು ಬರೋಣ.